ಅಕ್ಸೆಲ್‌ಗೆ ಎಷ್ಟು ಖಾರ?

ಅಮ್ಮ ಬಾಯಿ ತೆರೆದಳು. ಗಂಟಲು "ಕ್ರ್..." ಎಂದಿತು. ಮತ್ತೆ ತೆರೆದಳು. ಈ ಸಲ ಅದೂ ಇಲ್ಲ.

ಐದು ಜನ ಪ್ರವಾಸಿಗರು ಅವಳ ಮುಖವನ್ನೇ ನೋಡುತ್ತ ನಿಂತಿದ್ದರು. ಪೋರ್ಟ್ ಆಫ್ ಸ್ಪೇನ್ ಎಂಬ ದ್ವೀಪದ ಊರಿನ ಬೀದಿಗಳಲ್ಲಿ ಜನರನ್ನು ನಡೆಸಿಕೊಂಡು ಹೋಗಿ, ಅಲ್ಲಲ್ಲಿ ನಿಲ್ಲಿಸಿ ತಿಂಡಿ ತಿನ್ನಿಸಿ, ಅದರ ಕತೆ ಹೇಳುವುದು ಅಮ್ಮನ ಕೆಲಸ. ಆದರೆ ನಿನ್ನೆ ಪ್ಯಾನ್ ವಾದ್ಯದ ಸ್ಪರ್ಧೆಯಲ್ಲಿ ತಮ್ಮ ಓಣಿಯ ತಂಡ ಉಕ್ಕಿನ ಡ್ರಮ್ ಬಾರಿಸುವಾಗ ಅವಳು ಅದೆಷ್ಟು ಕೂಗಿದ್ದಳೆಂದರೆ, ಇವತ್ತು ಗಂಟಲು ಪೂರ್ತಿ ಕೈಕೊಟ್ಟಿತ್ತು.

"ನಾನು ಹೇಳ್ತೀನಿ!" ಜೋವೆಲ್ ಮುಂದೆ ಹಾರಿ ನಿಂತಳು.

ಜೋವೆಲ್ ಅಮ್ಮನ ಮಗಳು. ವಯಸ್ಸು ಹತ್ತು, ಮಾತು ನಲವತ್ತು. ಮಾತಾಡಿದ್ದಕ್ಕೆ ಟೀಚರ್ ಅವಳನ್ನು ಎಷ್ಟು ಸಲ ಎಬ್ಬಿಸಿ ನಿಲ್ಲಿಸಿದ್ದರೆಂದರೆ, ಕ್ಲಾಸಿನಲ್ಲಿ ಅವಳು ಕೂತಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ದಿನವೂ "ಬಾಯಿಗೆ ಬೀಗ ಹಾಕ್ಕೋ" ಎನ್ನುತ್ತಿದ್ದ ಅಮ್ಮನೇ ಈಗ ಬೇರೆ ದಾರಿ ಕಾಣದೆ "ಆಗಲಿ" ಎಂದು ತಲೆಯಾಡಿಸಿದಳು. ಜೋವೆಲ್‌ಗೆ ಸ್ವರ್ಗಕ್ಕೆ ಮೂರೇ ಗೇಣು!

ಅಮ್ಮ ಒಂದು ಚೀಟಿಯಲ್ಲಿ ಬರೆದು ತೋರಿಸಿದಳು. "ಯಾರೂ ಹಸ್ಕೊಂಡು ವಾಪಸ್ ಹೋಗಬಾರದು." ಅದು ಅಮ್ಮನ ಹಟ. ಆರು ವರ್ಷದಲ್ಲಿ ಒಬ್ಬರೂ ಹಾಗೆ ಹೋದದ್ದಿಲ್ಲ.

"ಅಷ್ಟೇ ತಾನೇ? ಬಿಡಮ್ಮ, ಹೊಟ್ಟೆ ಒಡೆಯೋ ಹಾಗೆ ತಿನ್ನಿಸಿ ಕಳಿಸ್ತೀನಿ."

ಗುಂಪಿನಲ್ಲಿ ಹೊಸದಾಗಿ ಮದುವೆಯಾದ ಒಂದು ಜೋಡಿ ಇತ್ತು. ಬಾರ್ಬಡೋಸ್ ದ್ವೀಪದಿಂದ ಬಂದ ದಪ್ಪ ಕನ್ನಡಕದ ಟೀಚರಮ್ಮ ಇದ್ದರು. ನಾರ್ವೆಯ ಒಬ್ಬ ಉದ್ದನೆಯ ಅಜ್ಜ ಇದ್ದರು. ಅವರ ಕೈ ಹಿಡಿದುಕೊಂಡು ಮೊಮ್ಮಗ ಅಕ್ಸೆಲ್ ನಿಂತಿದ್ದ. ಅವನಿಗೂ ಹತ್ತೇ ವರ್ಷ. ಮಾತು ಮಾತ್ರ ಬಹಳ ಕಡಿಮೆ.

"ಎಲ್ಲರೂ ಕೇಳಿ! ಮೊದಲು ಗುಡ್ ಮಾರ್ನಿಂಗ್ ಹೇಳಬೇಕು. ಹೇಳದೆ ತಿಂಡಿ ಕೇಳಿದ್ರೆ ಸೂಕ್‌ದೇವ್ ಅಂಕಲ್ ನಿಮ್ಮ ಕಡೆ ತಿರುಗಿ ಕೂಡ ನೋಡಲ್ಲ!"

ಐವರೂ ಒಟ್ಟಿಗೆ "ಗುಡ್ ಮಾರ್ನಿಂಗ್" ಎಂದು ಕೂಗಿದರು. ಡಬಲ್ಸ್ ಮಾರುವ ಸೂಕ್‌ದೇವ್ ಅಂಕಲ್ ನಕ್ಕು, ಡಬ್ಬದ ಮುಚ್ಚಳ ತೆಗೆದರು. ಘಮ್ಮೆಂದು ಹಬೆ ಎದ್ದಿತು. ಎರಡು ಮೆತ್ತನೆಯ ಪುಟ್ಟ ಪೂರಿ, ಅದರ ಮೇಲೆ ಬಿಸಿಬಿಸಿ ಕಡಲೆ, ಸೌತೆಕಾಯಿ, ಹುಣಸೆ ಚಟ್ನಿ. ಕೊನೆಗೆ ಖಾರ. ಅಂಕಲ್‌ನ ಕೈ ಎಷ್ಟು ಚುರುಕೆಂದರೆ, ಕಣ್ಣು ಮಿಟುಕಿಸುವುದರೊಳಗೆ ಕಾಗದದ ಪೊಟ್ಟಣ ಸಿದ್ಧ.

"ನನಗೆ ಖಾರ ಬೇಡ," ಎಂದ ಅಕ್ಸೆಲ್ ಮೆಲ್ಲಗೆ.

"ಏನು? ಖಾರ ಇಲ್ಲದ ಡಬಲ್ಸಾ?" ಜೋವೆಲ್ ಎದೆ ಹಿಡಿದುಕೊಂಡಳು. "ಅಯ್ಯೋ, ಅದನ್ನ ಹಲ್ಲು ಬರದ ಪಾಪು ತಿನ್ನುತ್ತೆ! ಬೀದಿಯವರೆಲ್ಲ ನಿನ್ನ ನೋಡಿ ನಗ್ತಾರೆ. ನನ್ನ ನಂಬು." ಅಂಕಲ್ ಕಡೆ ತಿರುಗಿದಳು. "ಅಂಕಲ್, ಇವನಿಗೂ ಸ್ವಲ್ಪ ಹಾಕಿ!"

"ಹುಡುಗ ಕೇಳಿದ್ನಾ?"

"ಹೂಂ ಹೂಂ, ಅವನೇ ಕೇಳಿದ."

ಆಚೆ ನಿಂತಿದ್ದ ಅಮ್ಮ ಎರಡೂ ಕೈ ಎತ್ತಿ ಬೀಸಿದಳು. ಶಭಾಷ್ ಎನ್ನುತ್ತಿದ್ದಾಳೆ ಅಂದುಕೊಂಡು ಜೋವೆಲ್ ತಾನೂ ಕೈ ಬೀಸಿದಳು.

ಅಕ್ಸೆಲ್ ದೊಡ್ಡದೊಂದು ತುತ್ತು ಕಚ್ಚಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವನ ಕಿವಿ ಕೆಂಪಾಯಿತು. ಮೂಗು ಕೆಂಪಾಯಿತು. ಇದ್ದಲ್ಲೇ ಕುಣಿಯತೊಡಗಿದ. ಅಜ್ಜ ಗಾಬರಿಯಿಂದ ನೀರು ಕುಡಿಸಿದರು, ಉರಿ ಇನ್ನಷ್ಟು ಹೆಚ್ಚಾಯಿತು. ಮದುವೆ ಜೋಡಿ ಎರಡು ಕಡೆಯಿಂದ ಗಾಳಿ ಹಾಕಿದರು. ಬಾರ್ಬಡೋಸ್ ಟೀಚರಮ್ಮ, "ನಮ್ಮ ದ್ವೀಪದಲ್ಲಿ ಮಕ್ಕಳಿಗೆ ಹೀಗೆಲ್ಲ ಮಾಡಲ್ಲಪ್ಪ!" ಎಂದು ತಮ್ಮ ಡಬಲ್ಸ್ ಬಾಯಿಗಿಟ್ಟು, ತಾವೂ ಕುಣಿದರು. ಬೀದಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಅಕ್ಸೆಲ್ ನಗಲಿಲ್ಲ. ಉಸಿರು ವಾಪಸು ಬಂದ ಮೇಲೆ ಜೋವೆಲ್‌ನ ಮುಖ ನೋಡಿ, "ನಾನು ಬೇಡ ಅಂದಿದ್ದೆ," ಎಂದ. ಪೊಟ್ಟಣವನ್ನು ಅಜ್ಜನ ಕೈಗೆ ಕೊಟ್ಟುಬಿಟ್ಟ.

ಜೋವೆಲ್‌ಗೆ ಕಸಿವಿಸಿಯಾಯಿತು. 'ಇರಲಿ, ಇನ್ನೂ ಮೂರು ಅಂಗಡಿ ಇದೆ. ಇವನಿಗೆ ತಿನ್ನಿಸದೆ ಬಿಡ್ತೀನಾ!' ಎಂದುಕೊಂಡಳು.

ಎರಡನೆಯ ಅಂಗಡಿ ಸಂತೆಬೀದಿಯಲ್ಲಿತ್ತು. ಅಲ್ಲಿ ನಿಂಬೆರಸದಲ್ಲಿ ನೆನೆಸಿದ ಕೋಳಿಕಾಲು ಕೊಡುತ್ತಿದ್ದರು. ಅಕ್ಸೆಲ್ ಬಟ್ಟಲೊಳಗೆ ಇಣುಕಿದ. ಅಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತೋ. ಜೋವೆಲ್ ಬಿಡಬೇಕಲ್ಲ!

"ಹೆದರಬೇಡ, ಉಗುರು ಎಲ್ಲ ತೆಗೆದಿರ್ತಾರೆ! ಆ ಬೆರಳು ಇದೆಯಲ್ಲ, ಅದನ್ನ ಒಂದೊಂದೇ ಬಾಯಿಗೆ ಹಾಕ್ಕೊಂಡು ಹೀಗೆ ಚೀಪಬೇಕು. ಚರ್ಮ ಜಾರತ್ತೆ, ಮೂಳೆ ಕಟಕಟ ಅನ್ನತ್ತೆ..."

ಅವಳು ಚೀಪಿ ತೋರಿಸುವಷ್ಟರಲ್ಲಿ ಅಕ್ಸೆಲ್ ಅಜ್ಜನ ಬೆನ್ನ ಹಿಂದೆ ಅಡಗಿದ್ದ. ಅಜ್ಜ ಮಾತ್ರ ನಾಲ್ಕು ಕಾಲು ಮುಗಿಸಿ ಐದನೆಯದಕ್ಕೆ ಕೈ ಹಾಕಿದರು. "ನಮ್ಮ ಬಾರ್ಬಡೋಸಲ್ಲಿ ಇದಕ್ಕಿಂತ ಚೆನ್ನಾಗಿ ಮಾಡ್ತಾರೆ," ಎಂದು ಟೀಚರಮ್ಮ ಎರಡನೆಯ ಬಟ್ಟಲು ಬಡಿಸಿಕೊಂಡರು.

ಮೂರನೆಯದು ಮಿಠಾಯಿ ಅಂಗಡಿ. ಸಕ್ಕರೆಯಲ್ಲಿ ಹೊರಳಿಸಿದ ಹುಣಸೆ ಉಂಡೆಗಳು ಗಾಜಿನ ಭರಣಿಯಲ್ಲಿ ಮಿರಮಿರ ಮಿಂಚುತ್ತಿದ್ದವು.

"ಇದು ಬರೀ ಹುಣಸೆ, ಸಕ್ಕರೆ," ಎಂದಳು ಜೋವೆಲ್. "ಖಾರ ಇಲ್ಲ. ದೇವರಾಣೆ!"

ಅಕ್ಸೆಲ್ ಉಂಡೆಯನ್ನು ಕೈಗೆ ತೆಗೆದುಕೊಂಡ. ಮೂಸಿದ. ಅಜ್ಜನತ್ತ ನೋಡಿದ. "ಮೊದಲು ನಾನು," ಎಂದು ಅಜ್ಜ ಒಂದು ಉಂಡೆ ಬಾಯಿಗೆ ಹಾಕಿಕೊಂಡರು. ಅಗಿದರು. ಅವರ ಬಿಳಿ ಹುಬ್ಬು ಮೇಲೆ ಹೋಯಿತು.

"ಇದರಲ್ಲೂ ಖಾರ!"

"ಇಲ್ಲವೇ ಇಲ್ಲ!" ಎಂದು ಜೋವೆಲ್ ತಾನೂ ಒಂದು ಬಾಯಿಗೆ ಹಾಕಿಕೊಂಡಳು. ನಾಲಗೆ ಹೊರಳಿಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಹೊರಳಿಸಿದಳು. ಅರೆ! ಹುಳಿ, ಸಿಹಿ, ಅದರ ಹಿಂದೆ ಸಣ್ಣಗೆ ಚುರುಚುರು. ಮೂರು ವರ್ಷದವಳಿದ್ದಾಗಿನಿಂದ ಅವಳು ಇದನ್ನು ತಿನ್ನುತ್ತಿದ್ದಾಳೆ. ಒಮ್ಮೆಯೂ ಗೊತ್ತಾಗಿರಲಿಲ್ಲ.

"ಅಂಕಲ್, ಇದಕ್ಕೆ ಮೆಣಸಿನಕಾಯಿ ಹಾಕ್ತೀರಾ?"

"ಹಾಕದೇ ಇರ್ತಾರಾ? ಮತ್ತೆ ರುಚಿ ಎಲ್ಲಿಂದ ಬರತ್ತೆ ಮಗಾ?" ಎಂದರು ಮಿಠಾಯಿಯವರು.

ಗುಂಪಿಗೆ ಗುಂಪೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಮ್ಮ ಕೂಡ ಸದ್ದಿಲ್ಲದೆ ಭುಜ ಕುಣಿಸಿ ಕುಣಿಸಿ ನಕ್ಕಳು, ಕಣ್ಣಲ್ಲಿ ನೀರು ಬಂತು. ಅಕ್ಸೆಲ್‌ನ ತುಟಿಯ ತುದಿಯೂ ಒಂಚೂರು ಮೇಲೆದ್ದಿತು. ಆದರೆ ಉಂಡೆ ಮಾತ್ರ ಭರಣಿಯ ಪಕ್ಕಕ್ಕೆ ಹೋಯಿತು.

ಇನ್ನು ಉಳಿದದ್ದು ಒಂದೇ ಅಂಗಡಿ. ಅದು ಸವಾನಾ ಮೈದಾನದ ಹತ್ತಿರ. ಬಿಸಿಲು ಏರಿತ್ತು. ಎಲ್ಲರೂ ನಗುತ್ತ, ಹೊಟ್ಟೆ ಸವರಿಕೊಳ್ಳುತ್ತ ನಡೆದರು. ಅಕ್ಸೆಲ್ ಕೊನೆಯಲ್ಲಿದ್ದ. ಚೀಲದಿಂದ ಒಂದು ಒಣ ಬಿಸ್ಕತ್ತು ತೆಗೆದು, ಯಾರೂ ನೋಡದ ಹಾಗೆ ಕಡಿದ.

ಜೋವೆಲ್ ನೋಡಿಬಿಟ್ಟಳು. ಊರ ತುಂಬ ತಿಂಡಿ, ಇವನ ಕೈಯಲ್ಲಿ ಒಣ ಬಿಸ್ಕತ್ತು! ಆರು ವರ್ಷದಲ್ಲಿ ಹಸಿದುಕೊಂಡು ಹೋದವನು ಇವನೊಬ್ಬನೇ ಆಗುತ್ತಾನೆ. ಅದೂ ತನ್ನಿಂದ.

ಅವಳು ಹಿಂದೆ ಉಳಿದು ಅವನ ಜೊತೆ ನಡೆದಳು.

"ನೀನು ಬೇಡ ಅಂದಿದ್ದೆ," ಎಂದಳು. "ನಾನೇ ಅಂಕಲ್‌ಗೆ ಸುಳ್ಳು ಹೇಳಿದೆ. ಸಾರಿ."

ಇನ್ನೂ ಹತ್ತು ಮಾತು ಬಾಯಿಗೆ ಬಂದವು. ಸೂಕ್‌ದೇವ್ ಅಂಕಲ್ ಹಾಕಿದ್ದು ನಿಜಕ್ಕೂ ಕಡಿಮೆ ಅಂತ, ಹುಣಸೆ ಉಂಡೆಯ ವಿಷಯ ಗೊತ್ತೇ ಇರಲಿಲ್ಲ ಅಂತ. ಎಲ್ಲವನ್ನೂ ನುಂಗಿಕೊಂಡಳು. ಕಷ್ಟವಾಯಿತು.

ಅಕ್ಸೆಲ್ ಬಿಸ್ಕತ್ತು ಮುರಿದು ಅರ್ಧ ಅವಳಿಗೆ ಕೊಟ್ಟ. ಅವಳು ತಿಂದಳು.

"ಹೇಗಿದೆ?"

"ರಟ್ಟು ತಿಂದ ಹಾಗಿದೆ."

ಅಕ್ಸೆಲ್ ಪಕ್ಕನೆ ನಕ್ಕುಬಿಟ್ಟ. "ನನಗೂ ಹಾಗೇ ಅನ್ಸುತ್ತೆ. ಅಜ್ಜಿ ಹಾಕಿ ಕಳಿಸಿದ್ದು." ಇಬ್ಬರೂ ರಟ್ಟು ಅಗಿಯುತ್ತ, ಪುಡಿ ಉಗುಳುತ್ತ, ನಗುತ್ತ ಗುಂಪನ್ನು ಸೇರಿಕೊಂಡರು.

ಮೈದಾನದ ಅಂಚಿನಲ್ಲಿ ಉಲ್ರಿಕಾ ಟಾಂಟಿಯ ಗಾಡಿ. ಊರಿಗೆಲ್ಲ ಅವರು ಟಾಂಟಿ, ಎಂದರೆ ಅತ್ತೆ. ಅನಾನಸ್ ಹಣ್ಣನ್ನು ಟಕಟಕ ಹೆಚ್ಚಿ, ಉಪ್ಪು, ಬೆಳ್ಳುಳ್ಳಿ, ಸೊಪ್ಪು ಹಾಕಿ ಕುಲುಕಿ ಕೊಡುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಎಲ್ಲರಿಗೂ ಕೊಟ್ಟಾಯಿತು. ಟಾಂಟಿ ಕೊನೆಯ ಲೋಟ ತೆಗೆದುಕೊಂಡು, ಕೆಂಪು ಮೆಣಸಿನ ರಸದ ಬಾಟಲಿ ಎತ್ತಿ, ಜೋವೆಲ್‌ನತ್ತ ನೋಡಿದರು.

"ಈ ಹುಡುಗನಿಗೆ ಖಾರ ಎಷ್ಟೇ?"

ಜೋವೆಲ್ ಬಾಯಿ ತೆರೆದಳು. 'ಬೇಡ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಈ ಸಲ ತಪ್ಪು ಮಾಡಬಾರದಲ್ಲ!

ಅಷ್ಟರಲ್ಲಿ ಅಮ್ಮ ಕಣ್ಣಿಗೆ ಬಿದ್ದಳು. ಅಮ್ಮ ಕೈಕಟ್ಟಿ ನಿಂತು ಅಕ್ಸೆಲ್‌ನನ್ನು ನೋಡುತ್ತಿದ್ದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ. ಗಂಟಲು ಸರಿಯಿದ್ದ ದಿನಗಳಲ್ಲೂ ಅಮ್ಮ ಈ ಗಾಡಿಯ ಮುಂದೆ ಹೀಗೇ ಸುಮ್ಮನೆ ನಿಲ್ಲುತ್ತಿದ್ದಳು. ಅಮ್ಮನಿಗೆ ಹೇಳಬೇಕಾದ ಮಾತು ಮರೆತುಹೋಗಿದೆ ಎಂದುಕೊಂಡು ಜೋವೆಲ್ ಪ್ರತಿ ಸಲ ನಡುವೆ ಬಾಯಿ ಹಾಕುತ್ತಿದ್ದಳು.

ಜೋವೆಲ್ ತೆರೆದ ಬಾಯಿಯನ್ನು ಮುಚ್ಚಿದಳು.

ಟಾಂಟಿ ಕಾದರು. ಮೈದಾನದ ಸುತ್ತ ಕಾರುಗಳು ಹೋದವು.

"ಏನೇ, ನಿಂಗೂ ಗಂಟಲು ಹೋಯ್ತಾ?" ಎಂದರು ಟಾಂಟಿ.

ಜೋವೆಲ್ ಎರಡೂ ತುಟಿ ಒತ್ತಿ ಹಿಡಿದು, ಅಕ್ಸೆಲ್‌ನ ಕಡೆ ಕೈ ತೋರಿಸಿದಳು.

ಅಕ್ಸೆಲ್ ಗಾಡಿಯ ಹತ್ತಿರ ಬಂದ. ಬಾಟಲಿಯನ್ನು ಮೂಸಿದ, ಮೂಗು ಸೊಟ್ಟ ಮಾಡಿದ. ಅನಾನಸನ್ನು ನೋಡಿದ. ಮತ್ತೆ ಬಾಟಲಿಯನ್ನು ನೋಡಿದ. ಎಷ್ಟು ಹೊತ್ತು! ಜೋವೆಲ್‌ಗೆ ಕಾಲು ಕುಣಿಸದೆ ನಿಲ್ಲಲಾಗಲಿಲ್ಲ.

"ಒಂದು ತೊಟ್ಟು," ಎಂದ ಅವನು. "ಒಂದೇ ಹೋಳಿನ ಮೇಲೆ. ಉಳಿದದ್ದಕ್ಕೆ ಬೇಡ."

ಟಾಂಟಿ ಬಾಟಲಿ ಬಗ್ಗಿಸಿ, ಒಂದೇ ಒಂದು ತೊಟ್ಟು ಹಾಕಿ ಕೊಟ್ಟರು. ಅಕ್ಸೆಲ್ ಅದೇ ಹೋಳನ್ನು ಮೊದಲು ಬಾಯಿಗಿಟ್ಟ. ಎಲ್ಲರೂ ಉಸಿರು ಬಿಗಿಹಿಡಿದರು. ಅಜ್ಜ ನೀರಿನ ಬಾಟಲಿ ಹಿಡಿದು ಸಿದ್ಧರಾಗಿ ನಿಂತರು. ಅವನ ಕಿವಿ ಕೆಂಪಾಯಿತು. ಕಣ್ಣಂಚು ಒದ್ದೆಯಾಯಿತು. "ಹಾ... ಹಾ..." ಎಂದು ಬಾಯಿಯಿಂದ ಗಾಳಿ ಬಿಟ್ಟ.

ಹೇಗಿದೆ, ಹೇಗಿದೆ ಎಂದು ಕೇಳಲು ಜೋವೆಲ್‌ನ ನಾಲಗೆ ತುರಿಸುತ್ತಿತ್ತು. ಕೇಳಲಿಲ್ಲ.

ಅಕ್ಸೆಲ್ ಇನ್ನೊಂದು ಹೋಳು ತಿಂದ. ಮತ್ತೊಂದು ತಿಂದ. ರಸ ಮೊಣಕೈವರೆಗೆ ಇಳಿಯಿತು. ಲೋಟದ ತಳದಲ್ಲಿದ್ದ ರಸವನ್ನೂ ಸೊರ್ರೆಂದು ಕುಡಿದು, ಖಾಲಿ ಲೋಟವನ್ನು ಟಾಂಟಿಯ ಮುಂದೆ ಚಾಚಿದ.

"ಇನ್ನೊಂದು. ಈ ಸಲ ಎರಡು ತೊಟ್ಟು."

ಬಾರ್ಬಡೋಸ್ ಟೀಚರಮ್ಮ ಚಪ್ಪಾಳೆ ತಟ್ಟಿದರು, ಅಜ್ಜ ಅವನನ್ನು ಎತ್ತಿಕೊಳ್ಳಲು ಹೋಗಿ ತಮ್ಮ ಲೋಟವನ್ನೇ ಬೀಳಿಸಿದರು. ಅಮ್ಮನ ಭುಜ ಮತ್ತೆ ಕುಣಿಯಿತು. ಜೋವೆಲ್ ಮೆಲ್ಲಗೆ ಹೋಗಿ ಅಮ್ಮನ ಪಕ್ಕದಲ್ಲಿ ನಿಂತಳು. ಅವಳ ಹಾಗೆಯೇ ಕೈಕಟ್ಟಿದಳು. ಇಬ್ಬರೂ ಏನೂ ಮಾತಾಡದೆ ಅಕ್ಸೆಲ್ ತಿನ್ನುವುದನ್ನು ನೋಡುತ್ತಿದ್ದರು.