ಎರಡನೇ ಬಾಟಲಿ

"ಆ ಬಾಟಲಿಗಳನ್ನ ಮುಟ್ಟಿದ್ದು ಯಾರು?"

ನೀರು ಪರೀಕ್ಷೆ ಮಾಡುವ ಅವಳ ದನಿ ದೊಡ್ಡದೇನಿರಲಿಲ್ಲ. ಆದರೆ ನಗರದ ನೀರು ಸರಬರಾಜು ಕಚೇರಿಯಲ್ಲಿ ಆ ದನಿಯನ್ನು ಬಲ್ಲವರು ಯಾರೇ ಆಗಿದ್ದರೂ ಅಷ್ಟೊತ್ತಿಗೆ ಇನ್ನೊಂದು ಬಾಗಿಲು ಹುಡುಕುತ್ತಿದ್ದರು.

ಪಾಪ, ಅವನು ಹೊಸಬ. ಪ್ರಯೋಗಾಲಯದ ಮೇಜಿನ ಮೇಲೆ ಒಂದು ಕಂಪ್ಯೂಟರ್ ಪರದೆ ಇಡಬೇಕಿತ್ತು. ಜಾಗ ಮಾಡಲೆಂದು ಅಲ್ಲಿದ್ದ ಬಾಟಲಿಗಳನ್ನೆಲ್ಲ ಪಕ್ಕಕ್ಕೆ ಸರಿಸಿದ್ದ. ಒಂದೆರಡರ ಮುಚ್ಚಳ ಸಡಿಲವಿದ್ದಂತೆ ಕಂಡಿತು, ಬರಿಗೈಯಲ್ಲೇ ತೆಗೆದು ಮತ್ತೆ ಬಿಗಿ ಮಾಡಿದ್ದ. ಏನೋ ಉಪಕಾರ ಮಾಡಿದೆನೆಂಬ ಮುಖ ಬೇರೆ!

"ನಾನೇ ಮೇಡಂ. ಚೆಲ್ಲಿಬಿಡುತ್ತೇನೋ ಅಂತ..."

ಅವಳು ಒಂದೊಂದೇ ಬಾಟಲಿ ಎತ್ತಿ ಅವನ ಕಣ್ಣೆದುರೇ ಸಿಂಕಿಗೆ ಸುರಿದಳು. ಊರಿನ ಮೂಲೆಮೂಲೆಯ ನಲ್ಲಿಗಳಿಂದ ಬೆಳಿಗ್ಗೆಯಷ್ಟೇ ಹಿಡಿದು ತಂದ ನೀರು. ಕೈ ತಾಗಿದ ಮೇಲೆ ಅದರಲ್ಲಿ ರೋಗಾಣು ಕಂಡರೆ, ಅದು ನೀರಿನದೋ ಇವನ ಕೈಯದೋ ಅಂತ ಯಾರು ಹೇಳಬೇಕು?

ಅವನ ಮುಖ ಪೆಚ್ಚಾಯಿತು. ಕ್ಷಮೆ ಕೇಳಿ ಜಾರಿಕೊಳ್ಳುತ್ತಾನೆ ಅಂದುಕೊಂಡಳು. ಅವನು ಹೊಸ ಬಾಟಲಿ ಕೊಡಿ, ಹೇಗೆ ಹಿಡಿಯಬೇಕು ಹೇಳಿಕೊಡಿ ಎಂದ. ನೀರು ಸಂಗ್ರಹಿಸುವ ಗಾಡಿ ಹತ್ತಿ ಊರೆಲ್ಲ ಸುತ್ತಿ, ಮಧ್ಯಾಹ್ನ ಮುಗಿಯುವ ಹೊತ್ತಿಗೆ ಪೆಟ್ಟಿಗೆ ತುಂಬ ಬಾಟಲಿ ತಂದಿಟ್ಟ. ಬಿಸಿಲಿಗೆ ಮೂಗು ಕೆಂಪಗೆ ಸುಟ್ಟುಹೋಗಿತ್ತು.

ಅವಳಿಗೆ ನಗು ಬಂತು. ನುಂಗಿಕೊಂಡಳು. ಆದರೆ ನಾನು ನೋಡಿದೆನಲ್ಲ... ಕಥೆ ಹೇಳುವವರ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಅವನು ಬಂದ ಕೆಲಸ ಇಷ್ಟು. ಆ ಕಚೇರಿಯಲ್ಲಿ ನೀರಿನ ಸುದ್ದಿ ಮೂರು ಕೋಣೆಗಳಲ್ಲಿ ಹಂಚಿಹೋಗಿತ್ತು. ಮೇಲಿನ ಮಹಡಿಯಲ್ಲಿ ದೂರಿನ ಕರೆಗಳು. ಪಕ್ಕದ ಕಟ್ಟಡದಲ್ಲಿ ಪೈಪು, ವಾಲ್ವು, ನೀರಿನ ಒತ್ತಡದ ಲೆಕ್ಕ. ಕೆಳಗೆ ಇವಳ ಪ್ರಯೋಗಾಲಯ. ಒಬ್ಬರ ಸುದ್ದಿ ಒಬ್ಬರಿಗಿಲ್ಲ. ಮೂರನ್ನೂ ಒಂದೇ ನಕ್ಷೆಯ ಮೇಲೆ, ಒಂದೇ ಪರದೆಯಲ್ಲಿ, ಎಲ್ಲರಿಗೂ ಕಾಣುವಂತೆ ಮಾಡುವುದು ಅವನ ಕೆಲಸ. ಎಲ್ಲರೂ ಅವನನ್ನು ಸಿಸ್ಟಂನವರು ಎಂದೇ ಕರೆದರು.

ಅವನು ಯಾರ ಮೇಲೂ ಏನನ್ನೂ ಹೇರಲಿಲ್ಲ. ಪ್ರತಿಯೊಬ್ಬರ ಪಕ್ಕ ಕೂತು, ನೀವು ಹೇಗೆ ಮಾಡುತ್ತೀರಿ ಎಂದು ಕೇಳುತ್ತಿದ್ದ, ನೀರು ಹಿಡಿಯುವ ಗಾಡಿ ಹತ್ತಿ ಬಿಸಿಲಲ್ಲೂ ಸುತ್ತುತ್ತಿದ್ದ. ಇವಳ ಪಕ್ಕ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕೂರುತ್ತಿದ್ದ. ದೂರಿನ ಫೋನು ಎತ್ತುವ ಹಿರಿಯ ಹೆಂಗಸೊಬ್ಬರಿದ್ದರು, ಕಚೇರಿಗೆಲ್ಲ ಅವರು ಫೋನಕ್ಕ. ಸಿಸ್ಟಂ ಹಾಳಾಗುವುದೆಲ್ಲ ಲ್ಯಾಬಿನಲ್ಲೇ ಯಾಕೆ ಅಂತ ಅವರು ಕಾಲೆಳೆದಾಗ ಇವಳ ಕೆನ್ನೆ ಕೆಂಪೇರಿತ್ತು.

ಒಂದು ದಿನ ಟೀ ಕುಡಿಯುತ್ತಾ ಅವನು ಕೇಳಿದ, ಎಲ್ಲವನ್ನೂ ಎರಡೆರಡು ಸಲ ಯಾಕೆ ಪರೀಕ್ಷೆ ಮಾಡುತ್ತೀರಿ ಎಂದು.

ಯಾರಿಗೂ ಹೇಳದ್ದನ್ನು ಅವಳು ಹೇಳಿದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೇ ಬಾಟಲಿ ನಂಬಿ ನೀರು ಕೆಟ್ಟಿದೆ ಎಂದು ಸಾರಿಬಿಟ್ಟಿದ್ದಳು. ಅರ್ಧ ಊರಿಗೆ ನೀರು ನಿಂತಿತು. ಕೊನೆಗೆ ನೋಡಿದರೆ ಸರಿಯಾಗಿ ತೊಳೆಯದ ಬಾಟಲಿ! ದಾರಿಯಲ್ಲಿ ಹೋಗುವವರೂ ಆಡಿಕೊಂಡು ನಕ್ಕಿದ್ದರು. ಅಪ್ಪ ಊಟದ ತಟ್ಟೆ ಮುಂದೆ ತಲೆ ತಗ್ಗಿಸಿ ಕೂತಿದ್ದರು.

"ಒಂದು ಬಾಟಲಿ ಹೇಳೋದು ಬರೀ ಗಾಳಿಮಾತು. ಅದೇ ನಲ್ಲೀಲಿ ಹಿಡಿದ ಎರಡನೇ ಬಾಟಲೀನೂ ಅದನ್ನೇ ಹೇಳೋ ತನಕ ನಾನು ಬಾಯಿ ಬಿಡಲ್ಲ" ಎಂದಳು.

ಅವನು ನಗಲಿಲ್ಲ. ಸುಮ್ಮನೆ ತಲೆಯಾಡಿಸಿದ. ಆ ಸುಮ್ಮನಿರುವಿಕೆಗೇ ಅವಳು ಸೋತಿದ್ದು...

ಸೋತ ಮನಸ್ಸಿಗೆ ನೋವೂ ಬೇಗ, ಅಲ್ಲವೇ?

ಮುಂದಿನ ವಾರ ಸಾಹೇಬರ ಕೋಣೆಯ ದೊಡ್ಡ ಪರದೆಯ ಮೇಲೆ, ಎಲ್ಲರೆದುರು, ಅವಳ ಒಂದು ಪರೀಕ್ಷೆಯ ಫಲಿತಾಂಶ ಹಳದಿ ಚುಕ್ಕೆಯಾಗಿ ಮಿನುಗುತ್ತಿತ್ತು. ಮೊದಲ ಬಾಟಲಿಯದು! ಎರಡನೆಯದಿನ್ನೂ ಬಂದೇ ಇರಲಿಲ್ಲ. ಯಂತ್ರದಲ್ಲಿ ಅಂಕಿ ಬಂದ ಕೂಡಲೇ ಅದು ತಾನಾಗಿಯೇ ನಕ್ಷೆಗೆ ಹೋಗುವಂತೆ ಅವನು ಜೋಡಿಸಿದ್ದ.

ಅವಳು ಎದ್ದು ನಿಂತಳು. ನಾನು ಮನಸ್ಸು ಬಿಚ್ಚಿ ಹೇಳಿದ್ದನ್ನು ಇವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟನೇ?

ಅವನು ಏನೋ ಹೇಳಲು ಬಂದ. ಅವಳು ನಿಲ್ಲಲಿಲ್ಲ. ಲ್ಯಾಬಿಗೆ ಬಂದವಳೇ ತನ್ನ ಬಿಳಿ ಕೋಟು ಬಿಚ್ಚಿ ಅವನಿಟ್ಟ ಪರದೆಯ ಮೇಲೆ ನೇತುಹಾಕಿದಳು. ಅಂದಿನಿಂದ ಅದು ಕೋಟಿನ ಗೂಟವೇ ಆಯಿತು. ಲ್ಯಾಬಿನ ಜೋಡಣೆ ಕಿತ್ತುಹಾಕಿಸಿ ಎಂದು ಸಾಹೇಬರಿಗೆ ಹೇಳಿಯೂ ಬಂದಳು. ಶನಿವಾರ ತೆಗೆಸುತ್ತೇನೆ, ಅವನನ್ನೂ ಬೇರೆ ಊರಿನ ಕೆಲಸಕ್ಕೆ ಕಳಿಸುತ್ತೇನೆ ಎಂದರು ಸಾಹೇಬರು.

ಸುದ್ದಿ ಕೇಳಿ ಅವನು ಅಂದದ್ದು "ಸರಿ ಮೇಡಂ" ಅಷ್ಟೇ. ಜಗಳವಾದರೂ ಆಡಬಾರದಿತ್ತೇ!

ಶುಕ್ರವಾರ ಬೆಳಿಗ್ಗೆ ಒಂದು ಬಾಟಲಿಯ ನೀರಿನಲ್ಲಿ ಕ್ಲೋರಿನ್ ಹೆಚ್ಚುಕಡಿಮೆ ಇರಲೇ ಇಲ್ಲ. ರೋಗಾಣು ಬರದಂತೆ ಕಾಯುವ ಕ್ಲೋರಿನ್ ಹೀಗೆ ಇದ್ದಕ್ಕಿದ್ದಂತೆ ಮಾಯವಾದರೆ ಪೈಪಿನೊಳಗೆ ಏನೋ ಸೇರಿದೆ ಎಂದರ್ಥ. ಇಲ್ಲವೇ ಬಾಟಲಿ ಸರಿಯಿಲ್ಲ. ಎಂದಿನಂತೆ ಅವಳು ಎರಡನೇ ಬಾಟಲಿಗೆ ಗಾಡಿ ಕಳಿಸಿದಳು. ಅದು ಬರಲು ಮಧ್ಯಾಹ್ನವಾದರೂ ಆಗಬೇಕು.

ಅಷ್ಟರಲ್ಲಿ ಫೋನಕ್ಕ ಮೆಟ್ಟಿಲಿಳಿದು ಬಂದರು. ಮಂಡಿನೋವಿನ ಹೆಂಗಸು ಏದುಸಿರು ಬಿಡುತ್ತಾ ಕೆಳಗೆ ಬಂದಿದ್ದಾರೆಂದರೆ ಸುಮ್ಮನೆ ಅಲ್ಲ.

"ಮೇಡಂ, ನಿಮ್ಮ ಜಗಳ ಆಮೇಲೆ ಆಡಿಕೊಳ್ಳಿ. ಮೊದಲು ಆ ಕೋಟು ತೆಗೀರಿ."

ತೆಗೆದಳು.

ಕೋಟಿನ ಹಿಂದೆ ನಕ್ಷೆ ಚುಕ್ಕೆಗಳಿಂದ ಉರಿಯುತ್ತಿತ್ತು. ಒಂದು ಬಡಾವಣೆಯಲ್ಲಿ, ಒಂದೇ ಬೀದಿಯ ಸುತ್ತ, ನೀರು ಎಣ್ಣೆ ಎಣ್ಣೆ ವಾಸನೆ ಎಂಬ ದೂರುಗಳು. ಅದೇ ಬೀದಿಯಲ್ಲಿ ಪೈಪು ರಿಪೇರಿಯಿಂದಾಗಿ ಬೆಳಿಗ್ಗೆ ನೀರಿನ ಒತ್ತಡ ಕುಸಿದಿತ್ತು. ಅದರ ನಡುವೆ ಇವಳ ಹಳದಿ ಚುಕ್ಕೆ.

ಬಿಡಿಬಿಡಿಯಾಗಿ ನೋಡಿದರೆ ಏನೂ ಅಲ್ಲ. ವಾಸನೆಯ ದೂರು ಫೋನಕ್ಕನಿಗೆ ದಿನಾ ಇದ್ದದ್ದೇ. ರಿಪೇರಿ ಎಂದರೆ ಒತ್ತಡ ಇಳಿಯುವುದೇ. ಒಂದು ಬಾಟಲಿ ಎಂದರೆ ಗಾಳಿಮಾತೇ. ಆದರೆ ಮೂರೂ ಒಂದೇ ಬೀದಿಯಲ್ಲಿ!

ಚುಕ್ಕೆಯ ಪಕ್ಕದಲ್ಲಿ ಎರಡು ಸಾಲು ಬರೆದಿತ್ತು. ಅವತ್ತು ಸಿಟ್ಟಿನಲ್ಲಿ ಅವಳು ಓದಿರಲಿಲ್ಲ. 'ಇದು ಮೊದಲ ಬಾಟಲಿ. ಲ್ಯಾಬ್ ಮೇಡಂ ಖಚಿತ ಎನ್ನುವ ತನಕ ಯಾರೂ ಹೊರಗೆ ಹೇಳುವಂತಿಲ್ಲ.' ಕೆಳಗೆ 'ಖಚಿತ' ಎಂಬ ಗುಂಡಿ. ಅದನ್ನು ಒತ್ತುವ ಅಧಿಕಾರ ಇಡೀ ಕಚೇರಿಯಲ್ಲಿ ಇವಳೊಬ್ಬಳಿಗೇ ಇತ್ತು. ಸಾಹೇಬರಿಗೂ ಇರಲಿಲ್ಲ.

ಅವಳು ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು. ಇವನು ನನ್ನ ಮಾತು ಮರೆತಿರಲಿಲ್ಲ... ನನ್ನ ಮಾತನ್ನೇ ಕಚೇರಿಗೆಲ್ಲ ನಿಯಮ ಮಾಡಿಟ್ಟಿದ್ದ.

ಆಮೇಲೆ ಬೀದಿಯ ಹೆಸರು ಕಣ್ಣಿಗೆ ಬಿತ್ತು.

ಅವಳ ತಂಗಿಯ ಮನೆ ಅದೇ ಬೀದಿಯಲ್ಲಿ. ಎಳೆಗೂಸು, ಬಾಟಲಿ ಹಾಲು ಕುಡಿಯುವ ಮಗು. ಡಬ್ಬದ ಹಾಲಿನಪುಡಿಯನ್ನು ತಂಗಿ ನಲ್ಲಿ ನೀರು ಕುದಿಸಿಯೇ ಕಲಸುತ್ತಾಳೆ. ಕುದಿಸಿದರೆ ರೋಗಾಣು ಸಾಯುತ್ತದೆ, ಎಣ್ಣೆ ಎಲ್ಲಿಗೆ ಹೋಗುತ್ತದೆ? ಅವಳು ಫೋನು ಮಾಡಿದಳು. ರಿಂಗಾಗುತ್ತಲೇ ಇತ್ತು. ಮಗು ಮಲಗಿದಾಗ ತಂಗಿ ಫೋನಿನ ದನಿ ಅಡಗಿಸುತ್ತಾಳೆ.

ಗುಂಡಿಯ ಮೇಲೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮತ್ತೆ ಸುಳ್ಳಾದರೆ? ಮತ್ತೆ ಊರೆಲ್ಲ ನಕ್ಕರೆ? ಅಪ್ಪನ ತಗ್ಗಿದ ತಲೆ ಕಣ್ಣ ಮುಂದೆ ಬಂತು.

"ಎರಡನೇ ಬಾಟಲಿ ಬರಲಿ ಅಂತೀರಾ?" ಫೋನಕ್ಕ ಮೆಲ್ಲಗೆ ಕೇಳಿದರು.

ಅವಳು ನಕ್ಷೆಯನ್ನೇ ನೋಡುತ್ತಿದ್ದಳು. ವಾಸನೆ ಬರುತ್ತಿದೆ ಎಂದ ಅಷ್ಟೊಂದು ಮನೆಯವರು. ಕುಸಿದ ಒತ್ತಡ.

"ಬಂದಾಯ್ತು ಅಕ್ಕ. ಇದೇ ನನ್ನ ಎರಡನೇ ಬಾಟಲಿ."

ಒತ್ತಿದಳು.

ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ಅವಳಿಗೆ ಕೈಮುಗಿಯಬೇಕೆನಿಸುತ್ತದೆ. ಯಾವ ವಾಲ್ವು ಮುಚ್ಚಿದರೆ ಆ ಬೀದಿ ಮಾತ್ರ ಬೇರೆಯಾಗುತ್ತದೆಂದು ಪರದೆ ತೋರಿಸಿತು. ಆ ಬಡಾವಣೆಯ ಫೋನುಗಳಿಗೆಲ್ಲ ಸಂದೇಶ ಹೋಯಿತು: ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ. ಆಸ್ಪತ್ರೆಗೂ ಟ್ಯಾಂಕರಿನವರಿಗೂ ಒಂದೇ ಹೊತ್ತಿಗೆ ತಿಳಿಯಿತು. ಆಸ್ಪತ್ರೆ ಕೊಟ್ಟ ಪಟ್ಟಿಯಂತೆ ಎಳೆಮಕ್ಕಳಿರುವ ಮನೆಗಳು ಬೇರೆ ಬಣ್ಣದಲ್ಲಿ ಮೂಡಿದವು. ಅಲ್ಲಿಗೆ ಶುದ್ಧ ನೀರಿನ ಕ್ಯಾನು ಹೊತ್ತು ಮೊದಲು ಹೊರಟ ಗಾಡಿಯಲ್ಲಿ ಅವನಿದ್ದ. ಅವನನ್ನು ಯಾರೂ ಕಳಿಸಿರಲಿಲ್ಲ, ತಾನೇ ಹತ್ತಿಕೊಂಡಿದ್ದ.

ಅವಳು ತಂಗಿಗೆ ಫೋನು ಮಾಡುತ್ತಲೇ ಇದ್ದಳು. ಕೊನೆಗೊಮ್ಮೆ ತಂಗಿಯೇ ಮಾಡಿದಳು.

"ಅಕ್ಕಾ, ಗಾಬರಿ ಆಗ್ಬೇಡ. ಹಾಲು ಕಲಸಿ ಆರಲಿ ಅಂತ ಇಟ್ಟಿದ್ದೆ. ನೆಗಡಿ ನಂಗೆ, ವಾಸನೇನೇ ಗೊತ್ತಾಗಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದ್ರು. ಮಗು ಮಲಗಿರಬಹುದು ಅಂತ ಬೆಲ್ ಒತ್ತಲಿಲ್ವಂತೆ, ನೋಡು. ನೀರಿನ ಕ್ಯಾನು ಕೊಟ್ಟು, ಹಾಲನ್ನ ಅವರೇ ಚೆಲ್ಲಿ, ಬಾಟಲಿ ತೊಳೆದುಕೊಟ್ಟು ಹೋದ್ರು. ಮೂಗು ಮಾತ್ರ ಪಾಪ ಬಿಸಿಲಿಗೆ ಸಿಪ್ಪೆ ಎದ್ದಿದೆ."

ಅವಳು ಸಿಂಕಿನ ಅಂಚು ಹಿಡಿದು ಅತ್ತುಬಿಟ್ಟಳು. ಫೋನಕ್ಕ ಬೆನ್ನು ಸವರುತ್ತಾ ನಿಂತರು.

ಬೀದಿಯ ತುದಿಯಲ್ಲೊಂದು ಗ್ಯಾರೇಜಿತ್ತು. ಗಾಡಿಯ ಭಾಗಗಳನ್ನು ತೊಳೆಯುವ ಎಣ್ಣೆಯ ಡ್ರಮ್ಮಿನಲ್ಲಿ ನಲ್ಲಿಯ ರಬ್ಬರ್ ಪೈಪು ಮುಳುಗಿತ್ತು. ಒತ್ತಡ ಕುಸಿದಾಗ ಬೀದಿಯ ನೀರಿನ ಪೈಪು ಆ ಎಣ್ಣೆಯನ್ನು ಹಿಂದಕ್ಕೆ ಎಳೆದುಕೊಂಡಿತ್ತು. ಮಧ್ಯಾಹ್ನ ಬಂದ ಬಾಟಲಿಯೂ ಅದನ್ನೇ ಹೇಳಿತು. ಒಂದು ಮಗುವಿಗೂ ಏನೂ ಆಗಲಿಲ್ಲ.

ಶನಿವಾರ ಅವನು ಲ್ಯಾಬಿಗೆ ಬಂದ. ಕೈಯಲ್ಲಿ ಸ್ಕ್ರೂಡ್ರೈವರ್. ಸಾಹೇಬರು ಹೇಳಿದ ದಿನ ಇವತ್ತೇ, ಜೋಡಣೆ ತೆಗೆಯಲೇ ಎಂದು ಕೇಳಿದ.

ಅವಳ ಕೋಟು ಗೋಡೆಯ ಮೊಳೆಯ ಮೇಲಿತ್ತು. ಒರೆಸಿಟ್ಟ ಪರದೆ ಫಳಫಳ ಹೊಳೆಯುತ್ತಿತ್ತು.

"ತೆಗೆಯೋದು ಬೇಡ ಅಂತ ಸಾಹೇಬರಿಗೆ ಹೇಳಿಬಂದೆ. ನೀವು ಹೋಗೋದೂ ಬೇಡ ಅಂತ..." ಅವಳು ಪರದೆಯ ಕಡೆ ನೋಡಿದಳು. "ನೀವು ಕಾಪಾಡಿದ್ದು ನನ್ನ ತಂಗಿ ಮಗೂನ."

ಅವನು ಬೆರಗಾದ. ಅವನಿಗೆ ಗೊತ್ತೇ ಇರಲಿಲ್ಲ.

"ಗುಂಡಿ ಒತ್ತಿದ್ದು ನೀವು. ನಾನು ಬರೀ ಕ್ಯಾನು ಹೊತ್ತೆ."

"ನಿಮ್ಮ ಮಾತು ಕೇಳದೆ ಮುಖ ತಿರುಗಿಸಿದೆ. ಓದಬೇಕಾದ ಎರಡು ಸಾಲು ಓದಲಿಲ್ಲ. ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟವರು ಯಾರೂ ಇಲ್ಲ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಮೇಜಿನ ಮೇಲಿನ ಬಾಟಲಿಗಳಿಂದ ಎಚ್ಚರಿಕೆಯಿಂದ ಎರಡು ಹೆಜ್ಜೆ ದೂರ ನಿಂತ. ಸಿಪ್ಪೆ ಎದ್ದ ಮೂಗು ಇನ್ನಷ್ಟು ಕೆಂಪಾಯಿತು.

"ನಂಗೆ ನೀವಂದ್ರೆ ಇಷ್ಟ ಮೇಡಂ. ಬಾಟಲಿ ನೀರನ್ನ ಸಿಂಕಿಗೆ ಸುರಿದ್ರಲ್ಲ, ಅವತ್ತಿಂದ."

ಅವಳ ಕಣ್ಣು ತುಂಬಿತ್ತು. ಆದರೂ ಅವಳು ಅವಳೇ ತಾನೆ!

"ಒಂದು ಸಲ ಹೇಳಿದ್ದನ್ನ ನಾನು ನಂಬಲ್ಲ. ಗೊತ್ತಲ್ವಾ?"

ಅವನು ನಕ್ಕ. ಹತ್ತಿರ ಬಂದು, ಈ ಸಲ ಮೇಡಂ ಎನ್ನದೆ, ಇನ್ನೊಮ್ಮೆ ಹೇಳಿದ.

"ನಂಗೆ ನೀವಂದ್ರೆ ತುಂಬಾ ಇಷ್ಟ."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಖಚಿತ" ಎಂದಳು. "ಇನ್ನು ಹೊರಗೆ ಹೇಳಬಹುದು."