ಸೋಮಪ್ಪನವರ ಸ್ಲಿಪ್ ಗೇಜ್ ಪೆಟ್ಟಿಗೆ

ಮೈಕ್ರೋಮೀಟರ್ ಕೊಳ್ಳಲು ರಾಜೇಂದ್ರ ಪೀಣ್ಯಕ್ಕೆ ಮೂರನೆಯ ಸಲ ಹೋದಾಗ ಸೋಮಪ್ಪನವರ ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿತ್ತು. ವ್ಯಾಪಾರದ ಹೊತ್ತು, ಅಕ್ಕಪಕ್ಕದ ಅಂಗಡಿಗಳೆಲ್ಲ ತೆರೆದಿದ್ದವು. ಬಗ್ಗಿ ನೋಡಿದರೆ ಕೆಲಸದ ಮುತ್ತಣ್ಣ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಅವನ ಮುಂದೆ ನಿಂತಿದ್ದ ನರೇಶ್, ಸೋಮಪ್ಪನವರ ಅಕ್ಕನ ಮಗ, ಫೋನಿನಲ್ಲಿ ಯಾವುದೋ ನಂಬರು ಹುಡುಕುತ್ತಿದ್ದ.

"ಇವತ್ತು ವ್ಯಾಪಾರ ಇಲ್ಲ ಅಂಕಲ್," ಎಂದ ನರೇಶ್, ತಲೆ ಎತ್ತದೆ. "ಅಂಗಡೀಲಿ ಕಳ್ಳತನ ಆಗಿದೆ. ಪೊಲೀಸ್‌ಗೆ ಫೋನ್ ಮಾಡ್ತಿದೀನಿ."

ರಾಜೇಂದ್ರನಿಗೆ ಮೊದಲು ಬಂದದ್ದು ಕನಿಕರವಲ್ಲ, ರೇಗು. ಈ ಅಂಗಡಿಯಿಂದ ಅವನಿಗೆ ಬೇಕಾಗಿದ್ದುದು ಅಂಗೈಯಷ್ಟು ದೊಡ್ಡ ಒಂದು ಅಳತೆಯ ಸಾಧನ. ಅದಕ್ಕಾಗಿ ಅವನು ಪಟ್ಟ ಪಾಡಿಗೆ ಲೆಕ್ಕವಿರಲಿಲ್ಲ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅವನು ಜಾಲಹಳ್ಳಿಯ ಮನೆಯ ಕಾರ್ ಷೆಡ್ಡಿನಲ್ಲಿ ಹಳೆಯದೊಂದು ಲೇತ್ ಮೆಷೀನು ತಂದಿಟ್ಟುಕೊಂಡಿದ್ದ. ಮನೆಯ ಗ್ರೈಂಡರಿನ ಷಾಫ್ಟು ಸವೆದಾಗ, ರಿಪೇರಿಗೆ ಕೊಡುವುದು ಬೇಡ, ಹೊಸದು ನಾನೇ ಮಾಡುತ್ತೇನೆ ಎಂದು ಹೆಂಡತಿ ಮಹಾದೇವಿಯ ಮುಂದೆ ಜಂಬ ಕೊಚ್ಚಿಕೊಂಡ. ಮಾಡಿದ ಷಾಫ್ಟುಗಳು ಒಂದೋ ಬೇರಿಂಗಿನೊಳಗೆ ಹೋಗಲು ಒಪ್ಪುತ್ತಿರಲಿಲ್ಲ, ಇಲ್ಲವೇ ಹೋಗಿ ಲೊಡಲೊಡ ಅಲ್ಲಾಡುತ್ತಿದ್ದವು. ಕೂದಲೆಳೆಯನ್ನೂ ಸೀಳಿ ಅಳೆಯುವಂಥ ಮೈಕ್ರೋಮೀಟರ್ ಇಲ್ಲದೆ ಆಗುವ ಕೆಲಸ ಅದಾಗಿರಲಿಲ್ಲ. ಅಷ್ಟರಲ್ಲಿ ಮನೆಗೆ ಅಂಗಡಿಯ ದೋಸೆಹಿಟ್ಟು ಬರತೊಡಗಿತ್ತು. ಪ್ಯಾಕೆಟ್ ಕತ್ತರಿಸುವಾಗಲೆಲ್ಲ ಮಹಾದೇವಿ ಏನೂ ಅನ್ನದೆ ಅವನ ಮುಖ ನೋಡುತ್ತಿದ್ದಳು. ಅಂದಿದ್ದರೇ ವಾಸಿಯಿತ್ತು.

ಸೋಮಪ್ಪನವರ ಅಂಗಡಿಯನ್ನೇ ಹುಡುಕಿಕೊಂಡು ಹೋಗಲು ಕಾರಣವಿತ್ತು. ಅಲ್ಲಿ ಒಂದು ಮರದ ಪೆಟ್ಟಿಗೆಯಲ್ಲಿ ಸ್ಲಿಪ್ ಗೇಜುಗಳಿದ್ದವು. ಕನ್ನಡಿಯಂತೆ ಹೊಳೆಯುವ ಉಕ್ಕಿನ ಪುಟ್ಟ ತುಂಡುಗಳು ಅವು. ಮೇಲೆ ಹತ್ತು ಮಿಲಿಮೀಟರ್ ಎಂದು ಕೆತ್ತಿದ್ದರೆ ದಪ್ಪ ಹತ್ತೇ, ಒಂದಿಷ್ಟೂ ಆಚೀಚೆಯಿಲ್ಲ. ಗಿರಾಕಿ ಕೊಳ್ಳುವ ಸಾಧನವನ್ನು ಆ ತುಂಡುಗಳ ಮೇಲೆ ಕಣ್ಣೆದುರಿಗೇ ಪರೀಕ್ಷಿಸಿ ಕೊಡುವುದು ಸೋಮಪ್ಪನವರ ಪದ್ಧತಿ. ಪೀಣ್ಯದಲ್ಲಿ ಅವರ ಹೆಸರು ನಿಂತದ್ದೇ ಅದರಿಂದ.

ಮೊದಲ ಸಲ ಹೋದಾಗ ನರೇಶ್ ಇರಲಿಲ್ಲ. ಮುತ್ತಣ್ಣ ಒಂದು ಡಿಜಿಟಲ್ ಮೈಕ್ರೋಮೀಟರ್ ತೆಗೆದು ಹತ್ತರ ತುಂಡನ್ನು ಅಳೆದ. ಹತ್ತಕ್ಕಿಂತ ಒಂದಿಷ್ಟು ಹೆಚ್ಚು ತೋರಿಸಿತು. ಇನ್ನೊಂದು ಮೈಕ್ರೋಮೀಟರ್ ತೆಗೆದು ಇಪ್ಪತ್ತರ ತುಂಡನ್ನು ಅಳೆದ. ಅದೂ ತಪ್ಪು. ಮೂರನೆಯದೂ ತಪ್ಪು. ಮುತ್ತಣ್ಣ ಬೆವರೊರೆಸಿಕೊಂಡು, "ಯಾಕೋ ಈ ಸಲದ ಮಾಲ ಸರಿ ಇಲ್ರಿ ಸರ. ನಿಮಗ ಕೊಡಾಕ ನನಗ ಮನಸ್ ಬರವಲ್ದು," ಎಂದಿದ್ದ. ರಾಜೇಂದ್ರ ಟ್ರಾಫಿಕ್ಕಿನಲ್ಲಿ ಹಲ್ಲು ಕಡಿಯುತ್ತ ಬರಿಗೈಯಲ್ಲಿ ಮನೆಗೆ ಬಂದ.

ಎರಡನೆಯ ಸಲ ಸಿಕ್ಕವನು ನರೇಶ್. ಅದೇ ಮೂರು ಮೈಕ್ರೋಮೀಟರುಗಳನ್ನು ಐದರ ತುಂಡಿನ ಮೇಲೆ ಹಿಡಿದು ತೋರಿಸಿದ. ಮೂರೂ ಐದನ್ನೇ ತೋರಿಸಿದವು. "ಮುತ್ತಣ್ಣಂಗೆ ಹಿಡಿಯೋಕೆ ಬರಲ್ಲ ಅಂಕಲ್," ಎಂದು ನಕ್ಕ. ತನ್ನ ಷಾಫ್ಟು ಇಪ್ಪತ್ತರ ಆಸುಪಾಸಿನದು, ಇಪ್ಪತ್ತರ ತುಂಡಿನಲ್ಲೂ ಒಮ್ಮೆ ತೋರಿಸಿ ಎಂದು ರಾಜೇಂದ್ರ ಕೇಳಿದ. "ಐದಕ್ಕೆ ಸರಿಯಿದ್ರೆ ಎಲ್ಲದಕ್ಕೂ ಸರಿ. ಬೇಕಿದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ," ಎಂದವನೇ ನರೇಶ್ ಪೆಟ್ಟಿಗೆ ಮುಚ್ಚಿ ಒಳಗಿಟ್ಟುಬಿಟ್ಟ. ಆಮೇಲೆ ಫೋನ್ ಎತ್ತಿಕೊಂಡು ಯಾರೊಂದಿಗೋ ಷೋಕೇಸಿನ ಗಾಜಿನ ವಿಷಯ, ಅತ್ತಿಬೆಲೆಗೆ ಯಾವತ್ತು ತರುತ್ತೀರಿ ಎಂಬ ವಿಷಯ ಮುಗಿಯದಂತೆ ಮಾತಾಡಿದ. ನಿಂತೂ ನಿಂತೂ ಸಾಕಾಗಿ ರಾಜೇಂದ್ರ ಹೊರಟುಬಂದಿದ್ದ.

ಇದನ್ನೆಲ್ಲ ಅಕ್ಕ ಹೇಮಲತಾಳ ಮುಂದೆ ಗೊಣಗಿದ್ದೇ ತಪ್ಪಾಯಿತು. ಮಹಡಿಯ ಮೇಲೆ ವಾಸವಾಗಿದ್ದ ಅಕ್ಕ ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮಾಲು ಪಾಸೋ ಫೇಲೋ ಎಂದು ತೀರ್ಮಾನಿಸುವುದೇ ಅವಳ ಉದ್ಯೋಗವಾಗಿತ್ತು. ಈಗ ಮನುಷ್ಯರ ಮಾತನ್ನೂ ಹಾಗೇ ನೋಡುತ್ತಿದ್ದಳು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಠಾಣೆಗಿಂತ ಮೊದಲು ಅವಳ ಮೆಟ್ಟಿಲು ಹತ್ತುವುದು ವಾಡಿಕೆ. ಅವಳು ಹೋಗಬೇಕಾದ ಕಡೆಗೆಲ್ಲ ಸ್ಕೂಟರಿನಲ್ಲಿ ಕರೆದೊಯ್ಯುವವನು ರಾಜೇಂದ್ರ.

"ಒಂದೇ ಅಂಗಡಿ, ಅವೇ ಮೂರು ಮೈಕ್ರೋಮೀಟರು, ಅದೇ ಪೆಟ್ಟಿಗೆ. ಒಂದಿನ ಮೂರೂ ತಪ್ಪು, ಇನ್ನೊಂದಿನ ಮೂರೂ ಸರಿ. ಹಾಗಾಗಲ್ಲ ಕಣೋ. ನಾನೂ ಬರ್ತೀನಿ ನಡಿ," ಎಂದಿದ್ದಳು.

"ನನಗೆ ಮೈಕ್ರೋಮೀಟರ್ ಬೇಕಕ್ಕ, ತನಿಖೆ ಬೇಡ," ಎಂದು ಅವನು ಅಂಗಲಾಚಿದರೂ ಬಿಟ್ಟಿರಲಿಲ್ಲ.

ಈಗ ಅವನು ಹಿಂತಿರುಗಿ ನೋಡುವಷ್ಟರಲ್ಲಿ ಅಕ್ಕ ಆಗಲೇ ಸೀರೆಯ ಸೆರಗು ಸಿಕ್ಕಿಸಿಕೊಂಡು ಷಟರಿನ ಕೆಳಗೆ ನುಗ್ಗಿಯಾಗಿತ್ತು.

ಒಳಗೆ ಸೋಮಪ್ಪನವರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಅವರು ಅಂಗಡಿಗೆ ಬರುವುದೇ ಅಪರೂಪವಾಗಿ, ಕೌಂಟರನ್ನು ನರೇಶನಿಗೆ ಬಿಟ್ಟಿದ್ದರು. ಹೇಮಲತಾಳ ಮುಖ ಗುರುತಿಸಿ ಎದ್ದು ನಿಂತರು. "ಜಾಲಹಳ್ಳಿ ಮೇಡಂ ಅಲ್ವಾ ನೀವು? ಕಾಲೊನಿ ಪಂಪ್‌ಸೆಟ್ ಕದ್ದೋನ್ನ ಹಿಡಿದಿದ್ರಲ್ಲ. ನೋಡಿ ಮೇಡಂ, ನನ್ನ ಗತಿ ಏನಾಗಿದೆ."

ನಡೆದದ್ದನ್ನು ಅವರೇ ಹೇಳಿದರು. ಹಳೆಯ ಗಿರಾಕಿಯೊಬ್ಬ ಇಲ್ಲಿ ಪರೀಕ್ಷಿಸಿ ಒಯ್ದ ಸಾಧನ ಸರಿಯಿಲ್ಲವೆಂದು ಬೈದು ಹೋಗಿದ್ದ. ಅನುಮಾನ ಬಂದು ಸೋಮಪ್ಪನವರು ಇವತ್ತು ಪೆಟ್ಟಿಗೆ ತೆರೆದು ಎರಡು ತುಂಡುಗಳನ್ನು ಒಂದರ ಮೇಲೊಂದು ಜಾರಿಸಿ ಒತ್ತಿದರು. ಅಸಲಿ ಸ್ಲಿಪ್ ಗೇಜುಗಳ ಮೈ ಎಷ್ಟು ನುಣುಪೆಂದರೆ ಅಂಟಿಲ್ಲದೆಯೇ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇವು ಕಚ್ಚದೆ ಗಾಜಿನ ಮೇಲೆ ಉರುಳಿಬಿದ್ದವು.

"ಯಾರೋ ಅಸಲಿ ಎತ್ಕೊಂಡು ನಕಲಿ ಇಟ್ಟಿದಾರೆ ಮೇಡಂ. ನಮ್ಮಪ್ಪ ಕೊಡಿಸಿದ ಸೆಟ್ಟು ಅದು."

"ಯಾರೋ ಏನು ಮಾವ," ಎಂದ ನರೇಶ್. "ದಿನಾ ಬೆಳಿಗ್ಗೆ ಅಂಗಡಿ ತೆಗೆಯೋದು ಇವನು. ಬೀಗದಕೈ ಇರೋದು ನನ್ನ ಹತ್ರ, ಇವನ ಹತ್ರ. ನಾನು ಮನೆಯವನು. ಇನ್ನು ಉಳಿದಿದ್ದು ಯಾರು?"

ಮುತ್ತಣ್ಣ ತಲೆ ಎತ್ತಲಿಲ್ಲ. "ನಾ ತಗೊಂಡಿಲ್ರಿ," ಎಂದಷ್ಟೇ ಹೇಳಿದ. ಅದನ್ನು ಅವನು ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿದ್ದನೋ, ದನಿಯಲ್ಲಿ ಕಸುವೇ ಉಳಿದಿರಲಿಲ್ಲ.

"ಪೊಲೀಸ್‌ಗೆ ಆಮೇಲೆ ಮಾಡಿ," ಎಂದಳು ಅಕ್ಕ. "ಮೊದಲು ಆ ಪೆಟ್ಟಿಗೆ, ಒಂದು ಮೈಕ್ರೋಮೀಟರು ಕೊಡಿ. ಮೆತ್ತನೆ ಬಟ್ಟೆ ಇದ್ರೆ ಅದನ್ನೂ ಕೊಡಿ."

ರಾಜೇಂದ್ರ ಒಳಗೊಳಗೇ ನಿಟ್ಟುಸಿರಿಟ್ಟ. ಅವಳು ಕೆಲಸಕ್ಕೆ ಕೂತರೆ ಮುಗಿಯುವ ಹೊತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ. ಮೈಕ್ರೋಮೀಟರಿನ ಬಾಯಿ ಒರೆಸಿ, ಮುಚ್ಚಿ, ಅದು ಸೊನ್ನೆ ತೋರಿಸುವುದನ್ನು ಎಲ್ಲರಿಗೂ ಕಾಣಿಸಿದಳು. ಆಮೇಲೆ ಪೆಟ್ಟಿಗೆಯ ತುಂಡುಗಳನ್ನು ಒಂದೊಂದಾಗಿ ಒರೆಸಿ, ಅಳೆದು, ಮತ್ತೆ ಅದರದರ ಜಾಗದಲ್ಲಿ ಇಟ್ಟಳು. ನರೇಶ್ ಎರಡು ಸಲ ಗಡಿಯಾರ ನೋಡಿದ. ಸೋಮಪ್ಪನವರು ಎಲ್ಲರಿಗೂ ಟೀ ತರಿಸಿದರು. ಮುತ್ತಣ್ಣನ ಲೋಟ ಅವನ ಪಕ್ಕದಲ್ಲೇ ಆರಿತು.

ಕೊನೆಗೆ ಅವಳು ಬಟ್ಟೆ ಮಡಿಸಿಟ್ಟಳು. "ಷಟರ್ ಪೂರ್ತಿ ಎಳೀರಿ. ಎಲ್ಲರೂ ಇಲ್ಲಿ ಬನ್ನಿ. ಮುತ್ತಣ್ಣ, ನೀವೂ ಎದ್ದು ಸ್ಟೂಲ್ ಮೇಲೆ ಕೂತ್ಕೊಳ್ಳಿ."

ನಾಲ್ವರೂ ಕೌಂಟರಿನ ಸುತ್ತ ಸೇರಿದರು. ಅವಳು ಪೆಟ್ಟಿಗೆಯಿಂದ ಒಂದೇ ಒಂದು ತುಂಡನ್ನು ಹೊರತೆಗೆದು ಗಾಜಿನ ಮೇಲಿಟ್ಟಳು.

"ಸೋಮಪ್ಪನವರೇ, ನೀವು ಒತ್ತಿ ನೋಡಿದ್ದು ಎರಡು ತುಂಡನ್ನ. ಅದಕ್ಕೇ ಇಡೀ ಸೆಟ್ಟು ಹೋಯ್ತು ಅಂದುಕೊಂಡ್ರಿ. ನಾನು ಎಲ್ಲಾನೂ ಅಳೆದೆ. ಒಂದು ಬಿಟ್ಟು ಉಳಿದಿದ್ದೆಲ್ಲ ನಕಲಿ. ಈ ಐದರದು ಮಾತ್ರ ಅಸಲಿ."

"ಒಂದು ಯಾಕೆ ಬಿಟ್ಟ?" ಎಂದರು ಸೋಮಪ್ಪನವರು.

"ಅದೇ ಪ್ರಶ್ನೆ. ಎಲ್ಲಾ ಬದಲಾಯಿಸಿದ್ರೆ ಮಾರೋ ಸಾಧನ ಎಲ್ಲಾ ತಪ್ಪು ತೋರ್ಸುತ್ತೆ, ಮೊದಲನೇ ದಿನವೇ ಗಿರಾಕಿ ಗಲಾಟೆ ಮಾಡ್ತಾನೆ. ಗುಟ್ಟು ಉಳೀಬೇಕಾದ್ರೆ ಕೌಂಟರ್‌ನಲ್ಲಿ ತೋರ್ಸೋಕೆ ಒಂದಾದ್ರೂ ಸರಿಯಾದ ತುಂಡು ಬೇಕು. ಅಂದ್ರೆ ಕದ್ದೋನು ಯಾರೇ ಆಗಲಿ, ಯಾವುದನ್ನ ಮುಟ್ಟಬೇಕು, ಯಾವುದನ್ನ ಮುಟ್ಟಬಾರದು ಅಂತ ಅವನಿಗೆ ಗೊತ್ತು." ಅವಳು ತಮ್ಮನ ಕಡೆ ತಿರುಗಿದಳು. "ರಾಜು, ಮೊದಲನೇ ಸಲ ಬಂದಾಗ ಮುತ್ತಣ್ಣ ಯಾವ ತುಂಡು ತೆಗೆದ್ರು?"

"ಹತ್ತರದು. ಆಮೇಲೆ ಇಪ್ಪತ್ತರದು. ಮೂರೂ ಮೈಕ್ರೋಮೀಟರ್ ತಪ್ಪು ಅಂತ ನನ್ನ ವಾಪಸ್ ಕಳಿಸಿದ್ರು."

"ಕೈಗೆ ಸಿಕ್ಕಿದ್ದು ತೆಗೆದ್ರು. ಕದ್ದೋರು ಇವರೇ ಆಗಿದ್ರೆ, ತಾವೇ ಇಟ್ಟ ನಕಲಿ ತುಂಡನ್ನ ಗಿರಾಕಿ ಮುಂದೆ ಹಿಡಿದು, ಮರ್ಯಾದೆ ಕಳ್ಕೊಂಡು, ವ್ಯಾಪಾರ ಬಿಡ್ತಿರಲಿಲ್ಲ. ಎರಡನೇ ಸಲ?"

ರಾಜೇಂದ್ರನಿಗೆ ಈಗ ಬೆನ್ನು ನೆಟ್ಟಗಾಯಿತು. "ಐದರದು. ಮೂರಕ್ಕೂ ಐದರದೇ."

"ಅದು ರೂಢಿ ಆಂಟಿ," ಎಂದ ನರೇಶ್. "ನಾನು ಯಾವಾಗ್ಲೂ ಐದರದೇ ತಗೊಳ್ಳೋದು. ರೂಢಿ ಇರೋದು ತಪ್ಪಾ?"

"ತಪ್ಪಲ್ಲ. ಆದರೆ ಗಿರಾಕಿ ಇಪ್ಪತ್ತರದ್ರಲ್ಲಿ ತೋರಿಸಿ ಅಂತ ಬಾಯಿಬಿಟ್ಟು ಕೇಳಿದ್ರು. ತೋರಿಸಿದ್ರೆ ವ್ಯಾಪಾರ ಆಗ್ತಿತ್ತು. ನೀವು ವ್ಯಾಪಾರ ಬಿಟ್ರಿ, ಪೆಟ್ಟಿಗೆ ಮುಚ್ಚಿ ಒಳಗಿಟ್ರಿ. ರೂಢಿ ಇರೋರು ಪೆಟ್ಟಿಗೆ ಮುಚ್ಚಲ್ಲ ನರೇಶ್. ಭಯ ಇರೋರು ಮುಚ್ತಾರೆ."

ನರೇಶ್ ಮತ್ತೆ ಗಡಿಯಾರ ನೋಡಿದ.

"ಇನ್ನು ಅಸಲಿ ಎಲ್ಲಿದೆ ಅನ್ನೋದು," ಎಂದು ಅವಳು ಮುಂದುವರಿಸಿದಳು. "ಇದು ಗುಜರಿಗೆ ಹಾಕೋ ಸಾಮಾನಲ್ಲ. ತಗೊಂಡೋರಿಗೆ ಇದರ ಬಳಕೆ ಬೇಕಿತ್ತು. ಸೋಮಪ್ಪನವರೇ, ಅತ್ತಿಬೆಲೇಲಿ ನಿಮ್ಮದೇನಾದ್ರೂ ಅಂಗಡಿ ಇದೆಯಾ?"

"ಇಲ್ವಲ್ಲ ಮೇಡಂ."

"ನಮ್ಮ ರಾಜು ಇಲ್ಲಿ ಕಾದು ನಿಂತಿದ್ದಾಗ ನರೇಶ್ ಫೋನಲ್ಲಿ ಅತ್ತಿಬೆಲೆಗೆ ಷೋಕೇಸ್ ಗಾಜು ತರಿಸ್ತಿದ್ರು. ಅದು ಯಾರ ಷೋಕೇಸು ಅಂತ ಅವರೇ ಹೇಳಲಿ."

ಸೋಮಪ್ಪನವರು ಸೋದರಳಿಯನ ಮುಖವನ್ನೇ ನೋಡುತ್ತಿದ್ದರು. ಹೊಸ ಕಣ್ಣಿನಲ್ಲಿ ಅದು ಅವರಿಗೆ ಸ್ಪಷ್ಟವಾಗಿಯೇ ಕಂಡಿರಬೇಕು.

"ನಂದೇ," ಎಂದ ನರೇಶ್ ಕೊನೆಗೆ. "ಅತ್ತಿಬೆಲೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಮಳಿಗೆ ಹಿಡಿದಿದೀನಿ. ಕಾಲೇಜು ಬಿಟ್ಟಾಗಿಂದ ಈ ಕೌಂಟರ್‌ನಲ್ಲಿ ನಿಂತಿದೀನಿ ಮಾವ. ಬೋರ್ಡ್ ಮೇಲೆ ತಾತನ ಹೆಸರಿದೆ, ನಿಮ್ಮ ಹೆಸರಿದೆ. ನನ್ನನ್ನ ಇವತ್ತಿಗೂ ಜನ ಸೋಮಪ್ಪನೋರ ಹುಡುಗ ಅಂತಾನೇ ಕರೆಯೋದು. ಹೊಸ ಅಂಗಡಿಗೆ ಗಿರಾಕಿ ಬರಬೇಕಂದ್ರೆ ಆ ಪೆಟ್ಟಿಗೆ ಬೇಕಿತ್ತು."

"ಕೇಳಿದ್ರೆ ಕೊಡ್ತಿರಲಿಲ್ವೇನೋ ನಾನು?"

"ಕೊಡ್ತಿರಲಿಲ್ಲ ಮಾವ."

"ಕೊಡ್ತಿರಲಿಲ್ಲ," ಎಂದು ಸೋಮಪ್ಪನವರು ಒಪ್ಪಿಕೊಂಡರು. "ಆದರೆ ಇವನನ್ನ ಯಾಕೋ ಸಿಕ್ಕಿಹಾಕಿಸಿದೆ? ಇವನು ನಿನಗೇನು ಮಾಡಿದ್ದ?"

ನರೇಶ್ ಬೀಗದಕೈಯನ್ನು ಕೌಂಟರಿನ ಮೇಲಿಟ್ಟು, ಸಂಜೆಯೊಳಗೆ ಸೆಟ್ಟು ತಂದುಕೊಡುತ್ತೇನೆಂದು ಹೇಳಿ, ತಾನೇ ಷಟರ್ ಎತ್ತಿ ಹೊರಟುಹೋದ. ಅವನನ್ನು ಯಾರೂ ತಡೆಯಲಿಲ್ಲ.

ಸೋಮಪ್ಪನವರು ಎದ್ದು ಮುತ್ತಣ್ಣನ ಮುಂದೆ ಬಂದು ನಿಂತರು. "ತಪ್ಪಾಯ್ತು ಕಣಪ್ಪ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ. ಮನಸಲ್ಲಿ ಇಟ್ಕೋಬೇಡ. ನಾಳೆಯಿಂದ ಕೌಂಟರ್ ನೀನೇ ನೋಡ್ಕೊ."

ಮುತ್ತಣ್ಣ ಸ್ಟೂಲಿನಿಂದ ಎದ್ದ. "ನನಗ ಅಂದಿದ್ದು ಇರಲಿ ಬಿಡ್ರಿ ಸಾವ್ಕಾರ್ರ. ಮುಂಜಾನೆ ನಮ್ಮಾಕಿಗೆ ಫೋನ್ ಹಚ್ಚಿ, ನಿನ್ನ ಗಂಡ ಕಳ್ಳ ಅದಾನ, ರೂಮ್‌ನ್ಯಾಗ ಹುಡುಕು ಅಂದ್ರಿ. ಮಗ್ಗಲ ಖೋಲಿ ಮಂದಿ ಎಲ್ಲಾ ಕೇಳ್ಯಾರ. ಈಗ ನಾ ಹೋಗಿ ಹೇಳಿದ್ರ ಯಾರ ನಂಬ್ತಾರ? ನೀವ ಹೇಳ್ರಿ."

ಸೋಮಪ್ಪನವರ ಮುಖ ಕೆಂಪಾಯಿತು. ಗಿರಾಕಿಗಳ ಮುಂದೆ ನಿಂತು ಕೆಲಸದವನ ಹೆಂಡತಿಗೆ ತಪ್ಪೊಪ್ಪಿಕೊಳ್ಳುವುದು ಅವರಿಗೆ ಎಷ್ಟು ಕಷ್ಟವೆಂಬುದು ರಾಜೇಂದ್ರನಿಗೆ ಕಾಣುತ್ತಿತ್ತು. ಅಕ್ಕ ಮಾತ್ರ ಅವರ ಫೋನನ್ನು ಎತ್ತಿ ಅವರ ಕೈಗೇ ಕೊಟ್ಟು, "ಸ್ಪೀಕರ್ ಹಾಕಿ," ಎಂದಳು.

ಆ ಕಡೆ ಮುತ್ತಣ್ಣನ ಹೆಂಡತಿ ದುರ್ಗವ್ವ ಎತ್ತಿಕೊಂಡಳು. ಹಿಂದೆ ಯಾರದೋ ಮಗು ಅಳುತ್ತಿತ್ತು. ಸೋಮಪ್ಪನವರು ಕದ್ದದ್ದು ತಮ್ಮ ಮನೆಯ ಹುಡುಗನೇ, ಮುತ್ತಣ್ಣನಲ್ಲ, ಬೆಳಿಗ್ಗೆ ಹೇಳಿದ್ದು ಸುಳ್ಳು, ತಮ್ಮನ್ನು ಕ್ಷಮಿಸಬೇಕು ಎಂದು ತಡವರಿಸುತ್ತ ಹೇಳಿದರು.

"ತಡೀರಿ," ಎಂದಳು ದುರ್ಗವ್ವ. ಅವಳು ಬಾಗಿಲಿಗೆ ಬಂದ ಸದ್ದು ಕೇಳಿಸಿತು, ಅಕ್ಕಪಕ್ಕದವರನ್ನು ಹೆಸರು ಹಿಡಿದು ಕೂಗಿದ್ದೂ ಕೇಳಿಸಿತು. ಆಮೇಲೆ ಫೋನಿಗೆ ಬಂದಳು. "ಹಾಂ, ಈಗ ಇನ್ನೊಂದ ಸಲ ಹೇಳ್ರಿ. ಜೋರಾಗಿ ಹೇಳ್ರಿ, ಎಲ್ಲಾರೂ ನಿಂತಾರ."

ಸೋಮಪ್ಪನವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಆಮೇಲೆ ಎಲ್ಲವನ್ನೂ ಮೊದಲಿನಿಂದ, ಬೀದಿಗೂ ಕೇಳಿಸುವ ಹಾಗೆ ಹೇಳಿದರು.