ಕಸ್ತೂರಿಯ ಕೆಂಪು ದೀಪ

ಓದುವ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಂತಿತ್ತು. ಹೊಸದಾಗಿ ಪದವಿಗೆ ಸೇರಿದ ಹುಡುಗಿಯರು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬಳ ಕಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ಬಿಲ್ಲೆ, ಎದುರಿಗಿನ ಮೇಜಿನ ಮೇಲೆ ಪುಟ್ಟದೊಂದು ದೀಪ. ಪಾಠ ಓದಲು ಶುರುಮಾಡಿದಾಗ ಎಲ್ಲ ದೀಪಗಳೂ ಕೆಂಪಗಿದ್ದವು. ಸ್ವಲ್ಪ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಹಸಿರಾದವು. ಗಂಟೆ ಬಾರಿಸುವ ಹೊತ್ತಿಗೆ ಇಡೀ ಕೋಣೆ ಹಸಿರಾಗಿತ್ತು, ಕಿಟಕಿಯ ಪಕ್ಕದ ಒಂದು ಮೇಜು ಬಿಟ್ಟು.

ಆ ಮೇಜು ಕಸ್ತೂರಿ ಗಡಾದ ಎಂಬ ಹುಡುಗಿಯದು.

ಪದವಿಗೆ ಬರುವ ಮಕ್ಕಳಿಗೆ ಓದಲು ಬರುತ್ತದೆ, ಓದಿದ್ದು ತಿಳಿಯುವುದಿಲ್ಲ ಎಂಬ ಗೊಣಗಾಟ ಬಹಳ ಹಳೆಯದು. ಅದಕ್ಕೆ ಮದ್ದಾಗಿ ಬಂದದ್ದು ಡಾಕ್ಟರ್ ವೈಜಯಂತಿ ಸೊರಟೂರ ಅವರ ತಿಳಿವುದೀಪ. ಅಕ್ಷರದ ಮೇಲೆ ಕಣ್ಣು ಓಡುವುದು ಬೇರೆ, ಅರ್ಥ ಒಳಗಿಳಿಯುವುದು ಬೇರೆ. ಅರ್ಥ ಇಳಿದ ಗಳಿಗೆಯಲ್ಲಿ ಮಿದುಳಿನಲ್ಲಿ ಒಂದು ವಿಶಿಷ್ಟ ವಿದ್ಯುತ್ ಅಲೆ ಏಳುತ್ತದೆ. ಅದನ್ನು ಅವರು ‘ನೆಲೆಯಲೆ’ ಎಂದು ಕರೆದರು. ಬಿಲ್ಲೆ ಆ ಅಲೆಯನ್ನು ಹಿಡಿದರೆ ದೀಪ ಹಸಿರು, ಹಿಡಿಯದಿದ್ದರೆ ಕೆಂಪು. ಪರೀಕ್ಷೆಯಲ್ಲಿ ಉರುಹೊಡೆದು ಕಕ್ಕಬಹುದು, ದೀಪದ ಮುಂದೆ ಆ ಆಟ ನಡೆಯುವುದಿಲ್ಲ. ರಾಜ್ಯದ ಓದು ಮಂಡಳಿ ದೀಪವನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಮೊದಲ ಮೂರು ತಿಂಗಳು ಓದಿನ ತರಬೇತಿ. ಅದು ಮುಗಿಯುವಾಗ ಯಾರ ದೀಪ ಓದುವ ಕೋಣೆಯಲ್ಲಿ ಹಸಿರಾಗಿಲ್ಲವೋ ಅವರ ಸೀಟು ರದ್ದು, ಹಾಸ್ಟೆಲಿನ ಜಾಗವೂ ಹೋಯಿತು ಎಂದು ನಿಯಮ ಮಾಡಿತು.

ಗದಗಿನಿಂದ ರೋಣಕ್ಕೆ ಹೋಗುವ ದಾರಿಯಲ್ಲಿದ್ದ ಆ ಕಾಲೇಜಿಗೆ ಡಾಕ್ಟರ್ ತಾವೇ ಬಂದು ಉಳಿದುಕೊಂಡಿದ್ದರು, ದೀಪಗಳ ಮೇಲ್ವಿಚಾರಣೆಗೆ. ಸಂಜೆಯ ಓದಿಗೆ ಹುಡುಗಿಯರು ಬಿಲ್ಲೆ, ದೀಪಗಳನ್ನು ಹಾಸ್ಟೆಲಿಗೂ ಒಯ್ಯುತ್ತಿದ್ದರು. ಹಾಸ್ಟೆಲಿನ ವಾರ್ಡನ್ ಶಾಂತವ್ವ ಕವಲೂರ. ಹುಡುಗಿಯರು ‘ಅಕ್ಕೋರು’ ಎನ್ನುತ್ತಿದ್ದರು. ಸಂಶಯ ಅವರ ಕಸುಬು ಎಂದರೂ ತಪ್ಪಲ್ಲ. ಜ್ವರ ಬಂದಿದೆ ಎಂದವಳ ಹಣೆ ಮುಟ್ಟಿ, ಕುತ್ತಿಗೆ ಮುಟ್ಟಿ, ಆಮೇಲೂ ಅರ್ಧವೇ ನಂಬುವ ಪೈಕಿ.

ಒಂದು ಬೆಳಿಗ್ಗೆ ಅಕ್ಕೋರು ಡಾಕ್ಟರ ಕೋಣೆಗೆ ಬಂದರು.

“ಡಾಕ್ಟರ, ಇಲ್ಲೇನೋ ಗೋಲ್‌ಮಾಲ್ ಐತ್ರಿ. ಆ ಕಸ್ತೂರಿ ದೀಪ ಓದೂ ಕೋಣ್ಯಾಗ ಬರೇ ಕೆಂಪು. ಸಂಜೀಮುಂದ ಹಾಸ್ಟೆಲಿನ ಕೋಣ್ಯಾಗ ನೋಡಿದ್ರ ಹಸಿರು! ಒಂದ ಹುಡುಗಿಗೆ ಎರಡು ತಲಿ ಇರ್ತಾವೇನ್ರಿ?”

ಡಾಕ್ಟರ್ ಹುಬ್ಬು ಗಂಟಿಕ್ಕಿದರು. “ಕೋಣೆಯಲ್ಲಿ ಜೊತೆಗೆ ಯಾರಿದ್ದಾರೆ?”

“ಶಮೀಮ ನದಾಫ.”

ಶಮೀಮ! ಇಡೀ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಹಸಿರಾಗುವ ದೀಪ ಅವಳದೇ. ನೀರು ಕುಡಿದಷ್ಟು ಸಲೀಸಾಗಿ ಓದುವ ಹುಡುಗಿ. ಇನ್ನು ಕೇಳುವುದೇನಿದೆ? “ಬಿಲ್ಲೆ ಯಾರ ಕಿವಿಯ ಹಿಂದಿದೆ ಎಂದು ದೀಪಕ್ಕೆ ಗೊತ್ತಾಗುವುದಿಲ್ಲ,” ಎಂದರು ಡಾಕ್ಟರ್. “ಶಮೀಮ ಒಂದು ಕಿವಿಗೆ ತನ್ನದು, ಇನ್ನೊಂದಕ್ಕೆ ಗೆಳತಿಯದು ಹಾಕಿಕೊಂಡರೆ ಎರಡೂ ಹಸಿರು.”

“ನಾ ಅಂದಕೊಂಡಿದ್ದೂ ಅದನ್ರಿ.”

ಅವತ್ತೇ ಕಸ್ತೂರಿಯ ಟ್ರಂಕು ಅಡುಗೆಮನೆಯ ಪಕ್ಕದ ಒಂಟಿ ಕೋಣೆಗೆ ಹೋಯಿತು. ಹುಡುಗಿ ಅಳುಬುರುಕಿಯೇನಲ್ಲ, ಆದರೂ ಕಣ್ಣು ತುಂಬಿಕೊಂಡಿತು. “ಅಕ್ಕೋರ, ನಾ ಮೋಸ ಮಾಡಿಲ್ರಿ.”

“ಹಂಗಾದ್ರ ಒಬ್ಬಾಕಿನ ಓದಿ ಹಸಿರು ಮಾಡಿ ತೋರಸು.”

“ಒಬ್ಬರ ಹೆಂಗ ಓದತಾರ್ರಿ?”

ಈ ಮಾತು ಅಕ್ಕೋರಿಗೆ ಉದ್ಧಟತನವಾಗಿ ಕೇಳಿಸಿತು. ಬಾಗಿಲು ಎಳೆದುಕೊಂಡು ಹೋದರು.

ಅಂದುಕೊಂಡಂತೆಯೇ ಕಸ್ತೂರಿಯ ದೀಪ ಎಲ್ಲಿದ್ದರೂ ಕೆಂಪಾಗಿಯೇ ಉಳಿಯಿತು. ಕಳ್ಳಿ ಸಿಕ್ಕಳು ಎಂದು ಅಕ್ಕೋರು ಸಮಾಧಾನದ ಉಸಿರು ಬಿಟ್ಟರು. ಆ ಸಮಾಧಾನ ಒಂದು ವಾರವೂ ಬಾಳಲಿಲ್ಲ. ಓದುವ ಕೋಣೆಯಲ್ಲಿ ಶಮೀಮಳ ದೀಪವೂ ಕೆಂಪಾಯಿತು. ಮರುದಿನವೂ ಕೆಂಪು. ಡಾಕ್ಟರ್ ಬಿಲ್ಲೆ ಬದಲಿಸಿದರು, ದೀಪ ಬದಲಿಸಿದರು, ಮೇಜನ್ನೂ ಬದಲಿಸಿದರು. ಶಮೀಮ ಪುಟದ ಮೇಲೆ ಪುಟ ಮಗುಚುತ್ತ ಹೋದಳು, ದೀಪ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

“ಅಯ್ಯ ಶಿವನ! ಹಂಗಾದ್ರ ಕದ್ದಾಕಿ ಯಾರು? ಯಾರದನ್ನ ಯಾರು ಕದ್ರು?” ಎಂದರು ಅಕ್ಕೋರು.

ಡಾಕ್ಟರಿಗೆ ಈಗ ಹುಡುಗಿಯರ ಮೇಲಿನ ಗುಮಾನಿ ಹೋಗಿ ದೀಪದ ಮೇಲೆ ಹುಟ್ಟಿತ್ತು. ಹನ್ನೆರಡು ವರ್ಷ ಹಗಲಿರುಳು ದುಡಿದು ಮಾಡಿದ ವಸ್ತುವಿನ ಮೇಲೆ ಗುಮಾನಿ ಪಡುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಇಬ್ಬರನ್ನೂ ಮತ್ತೆ ಒಂದೇ ಕೋಣೆಯಲ್ಲಿ ಕೂರಿಸಿದರು. ಬಿಲ್ಲೆಗಳನ್ನು ತಾವೇ ಅಂಟಿಸಿ, ಇನ್ನೂ ಯಾರೂ ಓದಿರದ ಭೌತಶಾಸ್ತ್ರದ ಪಾಠವೊಂದನ್ನು ಕೊಟ್ಟರು. “ದಿನಾ ಸಂಜೆ ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿ. ಹೆದರಬೇಡಿ.” ಅಕ್ಕೋರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು, ಯಾರೋ ಓಡಿಹೋಗುತ್ತಾರೆ ಎಂಬಂತೆ.

ಶಮೀಮ ಗಟ್ಟಿಯಾಗಿ ಓದಿದಳು: “ಒಂದೇ ತಾಪಮಾನದಲ್ಲಿರುವ ಎರಡು ವಸ್ತುಗಳು ಹಿಡಿದಿಟ್ಟುಕೊಂಡಿರುವ ಶಾಖದ ಪ್ರಮಾಣ ಒಂದೇ ಆಗಿರಬೇಕೆಂದಿಲ್ಲ.”

ಎರಡೂ ದೀಪ ಕೆಂಪು.

“ಅಂದ್ರ?” ಎಂದಳು ಕಸ್ತೂರಿ.

“ಅಂದ್ರ... ಎರಡೂ ಅಷ್ಟಷ್ಟ ಬಿಸಿ ಇದ್ರೂ ಒಳಗಿನ ಶಾಖ ಬ್ಯಾರೆ ಬ್ಯಾರೆ.”

“ಬಿಸಿ ಅಷ್ಟ ಇದ್ದಮ್ಯಾಲೆ ಶಾಖ ಹೆಂಗ ಬ್ಯಾರೆ ಆಕ್ಕೈತಿ? ಓದಿದ್ದನ್ನ ತಿರುಗಿಸಿ ಹೇಳಬ್ಯಾಡ.”

“ಹಂಗಂತ ಬರದಾರ ಮಾರಾಯ್ತಿ, ನಾ ಏನ ಮಾಡಲಿ?” ಶಮೀಮಳಿಗೆ ರೇಗಿತು. ಮತ್ತೆ ಓದಿದಳು, ನಿಧಾನವಾಗಿ. ಕಸ್ತೂರಿ ತೊಡೆ ತಟ್ಟಿಕೊಂಡಳು.

“ಹೋಳಿಗಿ! ಹಂಚಿನ ಮ್ಯಾಗಿಂದ ತಗದಾಗ ಕಣಕ, ಹೂರಣ ಎರಡೂ ಒಂದ ಬಿಸಿ. ಗಳಿಗಿ ಬಿಟ್ಟು ಮುಟ್ಟಿದ್ರ ಮ್ಯಾಲಿನ ಕಣಕ ಆರಿರತೈತಿ, ಕಡದ್ರ ಹೂರಣ ನಾಲಿಗಿ ಸುಡತೈತಿ. ಹೂರಣ ಶಾಖ ಹೆಚ್ಚ ಹಿಡದಿಟ್ಟಿತ್ತು. ಹೌದಲ್ಲ?”

ಕಸ್ತೂರಿಯ ದೀಪ ಹಸಿರಾಯಿತು. ಶಮೀಮ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದಳು. “ಹೂರಣದಾಗ ನೀರಿನ ಅಂಶ ಹೆಚ್ಚು... ಅದಕ್ಕ ನೀರಿನ ಮಾತು ಮುಂದಿನ ಸಾಲಿನ್ಯಾಗ ಬಂದೈತಿ!” ಎನ್ನುತ್ತಿದ್ದಂತೆ ಅವಳ ದೀಪವೂ ಹಸಿರಾಯಿತು.

ಡಾಕ್ಟರ್ ಮೆಲ್ಲಗೆ ಕುರ್ಚಿಗೆ ಒರಗಿದರು. ಸಂಜೆ ಇಬ್ಬರೂ ಹೀಗೆ ಜಗಳಾಡಿ ಓದಿದ ಪಾಠವನ್ನೇ ಶಮೀಮ ಮರುದಿನ ಓದುವ ಕೋಣೆಯಲ್ಲಿ ಓದುತ್ತಿದ್ದಳು. ಅದಕ್ಕೇ ಅಷ್ಟು ಬೇಗ ಹಸಿರು. ಓದಲು ತಡವರಿಸುವ ಕಸ್ತೂರಿ ಆ ಮೌನದಲ್ಲಿ ಅಕ್ಷರಗಳ ಜೊತೆ ಗುದ್ದಾಡುವುದರಲ್ಲೇ ಸುಸ್ತಾಗುತ್ತಿದ್ದಳು.

“ಇದನ್ನು ಯಾರು ಕಲಿಸಿದರಮ್ಮ?” ಎಂದು ಕಸ್ತೂರಿಯನ್ನು ಕೇಳಿದರು.

“ಕಲಸೂದೇನ್ರಿ? ನಮ್ಮೂರಾಗ ಶ್ರಾವಣ ಬಂದ್ರ ಪುರಾಣ ಹಚ್ಚತಾರ. ಒಬ್ಬರು ಓದತಾರ, ಒಬ್ಬರು ಅರ್ಥಾ ಹೇಳತಾರ. ತಿಳೀಲಿಲ್ಲಂದ್ರ ಕುಂತ ಮಂದಿ ‘ಅಂದ್ರ?’ ಅಂತಾರ. ಓದೂದಂದ್ರ ಹಂಗ ಅಂತ ತಿಳದಿದ್ದೆ. ತಪ್ಪಾತೇನ್ರಿ?”

ಡಾಕ್ಟರ್ ಹೊರಗೆ ಬಂದ ಮೇಲೆ ಅಕ್ಕೋರಿಗೆ ಹೇಳಿದರು: “ನೋಡಿ, ಅರ್ಥ ಒಂದು ತಲೆಯಲ್ಲಿ ಹುಟ್ಟುತ್ತದೆ ಎಂದು ನಂಬಿ ನಾನು ಇದನ್ನು ಮಾಡಿದೆ. ಇಲ್ಲಿ ಅದು ಇಬ್ಬರ ನಡುವೆ ಹುಟ್ಟಿತು. ಅದರಲ್ಲಿ ಯಾರ ಪಾಲು ಎಷ್ಟು ಎಂದು ನನ್ನ ದೀಪ ಹೇಳಲಾರದು. ಮಂಡಳಿಗೆ ಹಾಗೆಂದೇ ಬರೆಯುತ್ತೇನೆ.”

“ಬರದ್ರ ನಿಮ್ಮ ದೀಪದ ಗತಿ ಏನ್ರಿ?”

“ಬರೆಯದಿದ್ದರೆ ಆ ಹುಡುಗಿಯ ಗತಿ?”

ಅಕ್ಕೋರು ಕಸ್ತೂರಿಯ ಟ್ರಂಕನ್ನು ಮತ್ತೆ ಶಮೀಮಳ ಕೋಣೆಗೆ ಸಾಗಿಸಿದರು. ಆದರೂ ನಿಯಮ ನಿಯಮವೇ, ಮಂಡಳಿಯವರು ಇಬ್ಬರನ್ನೂ ಓಡಿಸುತ್ತಾರೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು.

ಮಂಡಳಿಯ ಆದೇಶ ತರಬೇತಿಯ ಕೊನೆಯ ದಿನ ಬಂತು. ಅಕ್ಕೋರು ನಿಂತಲ್ಲೇ ಅದರ ಮೇಲೆ ಕಣ್ಣಾಡಿಸಿ, ಡಾಕ್ಟರನ್ನೂ ಕರೆದುಕೊಂಡು ಹುಡುಗಿಯರ ಕೋಣೆಗೆ ಬಂದರು. ಇಬ್ಬರೂ ಬಿಲ್ಲೆ ಅಂಟಿಸಿಕೊಂಡು ನಾಳಿನ ಪಾಠ ಓದುತ್ತಿದ್ದರು. ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದೆಯೂ ಓದುತ್ತಿದ್ದರು.

“ಬಂತವ್ವಾ ನಿಮ್ಮ ಆದೇಶ,” ಎಂದರು ಅಕ್ಕೋರು. ದನಿ ಎಂದಿನಷ್ಟು ಬಿರುಸಾಗಿರಲಿಲ್ಲ. “ಇಬ್ಬರ ಹೆಸರೂ ಐತಿ. ‘ತಕ್ಷಣ ಹಿಂದಕ್ಕೆ ಕಳುಹಿಸತಕ್ಕದ್ದು’ ಅಂತ ಬರದಾರ. ಗಂಟು ಕಟ್ರಿ.”

ಶಮೀಮ ಅಳತೊಡಗಿದಳು. ಕಸ್ತೂರಿ ದುಪಟ್ಟದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಊರಿಗೆ ಹೋಗಿ ಏನೆಂದು ಹೇಳುವುದು? ಓದಿದೆ, ಆದರೆ ಜೊತೆಯಲ್ಲಿ ಓದಿದೆ ಎಂದೇ? ಅಷ್ಟು ಸಂಕಟದಲ್ಲೂ ರೂಢಿ ಬಿಡಲಿಲ್ಲ.

“ಅಂದ್ರ?” ಎಂದಳು.

“ಅಂದ್ರ ಏನ ಅಂದ್ರ? ಮನಿಗೆ ನಡೀರಿ ಅಂತ!”

“ಅಲ್ರಿ ಅಕ್ಕೋರ, ಮ್ಯಾಲೆ ನಮ್ಮ ಹೆಸರು, ಕೆಳಗ ಹಿಂದಕ್ಕ ಕಳಸೂದು. ನಡುವ ಏನ ಬರದಾರ್ರಿ?”

ಅಕ್ಕೋರು ಕಾಗದ ನೋಡಿದರು. ಒಂದೇ ವಾಕ್ಯ, ಮುಕ್ಕಾಲು ಪುಟ. ನಡುವಿನದನ್ನು ಅವರು ಓದಿರಲಿಲ್ಲ. ಸರ್ವಿಸಿನಲ್ಲಿ ಎಷ್ಟೋ ಆದೇಶ ಓದಿ ನೋಟಿಸ್ ಬೋರ್ಡಿಗೆ ಹಚ್ಚಿದ್ದರು, ಯಾವುದರ ನಡುವನ್ನೂ ಓದಿದ ನೆನಪಿಲ್ಲ. ಕಾಗದವನ್ನು ಶಮೀಮಳ ಕೈಗಿತ್ತರು.

ಶಮೀಮ ಮೂಗು ಒರೆಸಿಕೊಂಡು ಓದಿದಳು: “ಕಸ್ತೂರಿ ಗಡಾದ ಹಾಗೂ ಶಮೀಮ ನದಾಫ ಎಂಬ ವಿದ್ಯಾರ್ಥಿನಿಯರ ಪ್ರಕರಣದಲ್ಲಿ, ಒಬ್ಬರ ತಿಳಿವನ್ನು ಇನ್ನೊಬ್ಬರ ತಿಳಿವಿನಿಂದ ಬೇರ್ಪಡಿಸಿ ತೋರಿಸಲು ಅಸಮರ್ಥವೆಂದು ಸಾಬೀತಾಗಿರುವ ಸದರಿ ಉಪಕರಣಗಳ ಆಧಾರದ ಮೇಲೆ ಯಾವ ವಿದ್ಯಾರ್ಥಿಯ ಪ್ರವೇಶವನ್ನೂ ರದ್ದುಪಡಿಸದೆ...”

“ತಡಿ. ಅಸಮರ್ಥ ಅಂದ್ರ ಯಾರು? ನಾವೇನ?” ಎಂದಳು ಕಸ್ತೂರಿ.

“ಅಲ್ಲ... ಉಪಕರಣ. ದೀಪ.”

“ರದ್ದು ಮಾಡದ ಅಂದ್ರ?”

“ಮಾಡಬಾರದು ಅಂತ.” ಶಮೀಮ ಉಳಿದದ್ದನ್ನು ಓದಿದಳು: “...ಸದರಿ ಉಪಕರಣಗಳನ್ನು ತಕ್ಷಣ ಹಿಂದಕ್ಕೆ ಕಳುಹಿಸತಕ್ಕದ್ದು.”

“ಅಂದ್ರ ಹೋಗೂದು ನಾವಲ್ಲ!” ಕಸ್ತೂರಿ ಗೆಳತಿಯ ಭುಜ ಹಿಡಿದು ಅಲುಗಿಸಿದಳು. “ದೀಪ ಹೊಂಟಾವ!”

ಮೇಜಿನ ಮೇಲಿನ ಎರಡೂ ದೀಪಗಳು ಒಟ್ಟಿಗೆ ಹಸಿರಾದವು. ಡಾಕ್ಟರ್ ಅವನ್ನು ನೋಡುತ್ತ ನಿಂತರು. ತಮ್ಮನ್ನು ಹೊರಹಾಕುವ ಆದೇಶ ಹುಡುಗಿಯರಿಗೆ ತಿಳಿಯಿತು ಎಂದು ಅವು ಇಷ್ಟು ಚೆನ್ನಾಗಿ ಬೆಳಗುತ್ತಿದ್ದವು! ಅವರಿಗೆ ನಗು ಬಂತು. ಒಂದೊಂದಾಗಿ ಎರಡೂ ಬಿಲ್ಲೆಗಳನ್ನು ಹುಡುಗಿಯರ ಕಿವಿಯ ಹಿಂದಿನಿಂದ ತಾವೇ ಬಿಡಿಸಿ ತೆಗೆದರು.

ಅಕ್ಕೋರ ಮುಖ ಮಾತ್ರ ಇನ್ನೂ ಸಡಿಲಾಗಿರಲಿಲ್ಲ.

“ತಡೀರಿ, ತಡೀರಿ. ಆಫೀಸಿನ ಕಾಗದ ಇಷ್ಟ ಚಲೋ ಸುದ್ದಿ ತರೂದಿಲ್ಲ. ಏನೋ ಮೋಸ ಐತಿ ಇದರಾಗ. ಮೊದಲಿಂದ ಓದು,” ಎಂದು ಕಸ್ತೂರಿಯ ಟ್ರಂಕಿನ ಮೇಲೆ ಕೂತರು.

ಶಮೀಮ ಮೊದಲ ಸಾಲು ಓದಿದಳು. ಅಕ್ಕೋರು ಕೈಯೆತ್ತಿ ತಡೆದರು.

“ಅಂದ್ರ?”